ಕಡಲ ಬಸವನಹುಳುವಿನ ಸಕ್ಕರೆ ಪ್ರಕರಣ

ಸಮುದ್ರಜೀವಿ ಕಿಣ್ವ ಪತ್ತೆ ಸಂಸ್ಥೆಯ ಉಗ್ರಾಣದಲ್ಲಿದ್ದ ಸಕ್ಕರೆಯನ್ನು ಯಾರೂ ಕದ್ದಿಲ್ಲ ಎಂಬುದು ಈಗ ವೈಜ್ಞಾನಿಕವಾಗಿ ಸಾಬೀತಾಗಿರುವ ಸಂಗತಿ. ಈ ಬಗ್ಗೆ ಅಲ್ಲಲ್ಲಿ ಇನ್ನೂ ಪಿಸುಮಾತು ಕೇಳಿಬರುತ್ತಿರುವುದರಿಂದ, ನಡೆದದ್ದನ್ನು ನಡೆದ ಹಾಗೆಯೇ ಇಲ್ಲಿ ತಿಳಿಸಲಾಗಿದೆ.

ಸಂಸ್ಥೆಯ ಕೆಲಸ ತುಂಬಾ ಸರಳ. ಪಾಚಿ ತಿಂದು ಬದುಕುವ ಕಡಲ ಜೀವಿಗಳ ಹೊಟ್ಟೆಯಲ್ಲಿ ಆ ಪಾಚಿಯ ಸಕ್ಕರೆಯನ್ನು ಒಡೆದು ಅರಗಿಸುವ ಕಿಣ್ವಗಳಿರುತ್ತವೆ. ಅವನ್ನು ಪತ್ತೆ ಮಾಡಬೇಕು. ಅದಕ್ಕೆಂದು ಒಬ್ಬ ಕಿರಿಯ ವಿಜ್ಞಾನಿಯನ್ನು ತಾತ್ಕಾಲಿಕವಾಗಿ ನೇಮಿಸಲಾಗಿತ್ತು. ವರ್ಷ ಮುಗಿಯುವುದರೊಳಗೆ ಒಂದಾದರೂ ಕಿಣ್ವ ಸಿಕ್ಕರೆ ಕೆಲಸ ಖಾಯಂ, ಸಿಗದಿದ್ದರೆ ಮನೆಗೆ. ಮನೆಯಲ್ಲಿ ಅವಳ ಸಂಬಳವನ್ನೇ ನಂಬಿಕೊಂಡು ಅಮ್ಮ ಇದ್ದಳು. ಕಿಣ್ವ ಎಂದರೇನೆಂದು ಅಮ್ಮನಿಗೆ ಗೊತ್ತಿರಲಿಲ್ಲ. ಆದರೂ ಪ್ರತಿ ಸಂಜೆ, ಕಳೆದುಹೋದ ಬೀಗದ ಕೈ ವಿಚಾರಿಸುವ ಹಾಗೆ, ಅದು ಸಿಕ್ಕಿತಾ ಎಂದು ವಿಚಾರಿಸುತ್ತಿದ್ದಳು.

ಕಿರಿಯ ವಿಜ್ಞಾನಿಗೆ ವಿಧಾನ ಗೊತ್ತಿತ್ತು. ಪಾಚಿಯ ಸಕ್ಕರೆಯಿಂದ ಜೆಲ್ಲಿ ಮಾಡಿ ಗಾಜಿನ ತಟ್ಟೆಯಲ್ಲಿ ತೆಳ್ಳಗೆ ಹರಡಬೇಕು. ಅದರ ಮೇಲೆ ಜೀವಿಯ ಜಠರರಸದ ಒಂದು ಹನಿ ಬಿಟ್ಟು ಬೆಚ್ಚಗಿಡಬೇಕು. ಆಮೇಲೆ ಅಯೋಡಿನ್ ಸುರಿದರೆ ಜೆಲ್ಲಿಯೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ. ಕಿಣ್ವ ತಿಂದ ಜಾಗ ಮಾತ್ರ ಬಿಳಿ ಉಂಗುರದ ಹಾಗೆ ತಿಳಿಯಾಗಿ ಉಳಿಯುತ್ತದೆ. ಜೀವಿಯೂ ಸಿದ್ಧವಿತ್ತು: ಕಿಟಕಿಯ ಪಕ್ಕದ ತೊಟ್ಟಿಯಲ್ಲಿ, ಮುಷ್ಟಿ ಗಾತ್ರದ, ಯಾವ ಅವಸರವೂ ಇಲ್ಲದ ಒಂದು ಕಡಲ ಬಸವನಹುಳು. ಬೇಕಾಗಿದ್ದದ್ದು ಪಾಚಿ ಸಕ್ಕರೆ ಮಾತ್ರ. ಅದನ್ನು ತರಿಸಿಕೊಡಬೇಕೆಂದು ಅವಳು ಬರೆದು ಕೇಳಿದಳು. ಖರೀದಿ ವಿಭಾಗದವರು ‘ಪಾಚಿ’ ಎಂಬುದು ಅನಗತ್ಯ ವಿಶೇಷಣವೆಂದು ಮನಗಂಡು ಅದನ್ನು ಹೊಡೆದುಹಾಕಿದರು. ಉಗ್ರಾಣಕ್ಕೆ ಮೂಟೆಗಟ್ಟಲೆ ಸಕ್ಕರೆ ಬಂದಿಳಿಯಿತು, ಕಾಫಿಗೆ ಹಾಕುವಂಥದ್ದು.

ಅವಳು ಆಕ್ಷೇಪಿಸಿದಾಗ ಉಗ್ರಾಣದ ಮೇಲ್ವಿಚಾರಕ ಸಮಾಧಾನ ಹೇಳಿದ. “ಸಕ್ಕರೆ ಅಂದ್ರೆ ಸಕ್ಕರೆ ಮೇಡಂ. ಕಡಲಿಂದಾದ್ರೇನು, ಅಂಗಡೀದಾದ್ರೇನು, ಇರುವೆ ಎರಡಕ್ಕೂ ಬರುತ್ತೆ.”

ಈ ಮೇಲ್ವಿಚಾರಕನ ಬಾಮೈದ ಹಿಂದಿನ ಬೀದಿಯಲ್ಲಿ ಬೇಕರಿ ನಡೆಸುತ್ತಿದ್ದ. ಪ್ರಕರಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ವಿವರ ಪೂರ್ಣವಾಗಿರಲೆಂದು ಹೇಳಲಾಗಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ತಪಾಸಣಾಧಿಕಾರಿ ಬಂದರು. ಉಗ್ರಾಣದ ಬಾಗಿಲು ತೆಗೆಸಿದರೆ ಖಾಲಿ ಚೀಲಗಳನ್ನು ಅಚ್ಚುಕಟ್ಟಾಗಿ ಮಡಿಸಿಡಲಾಗಿತ್ತು. ಒಳಗಿದ್ದದ್ದು ಎಲ್ಲಿ ಹೋಯಿತೆಂದು ಕೇಳಿದರು. ಮೇಲ್ವಿಚಾರಕ ಸ್ವಲ್ಪವೂ ತಡವರಿಸದೆ, ಮೇಲಿನ ಮಹಡಿಯ ಬಸವನಹುಳು ತಿಂದಿತೆಂದು ತಿಳಿಸಿದ.

ನಿರ್ದೇಶಕರಿಗೆ ಈ ಸುದ್ದಿ ಮುಟ್ಟಿದಾಗ ಅವರು ಕುರ್ಚಿಯಿಂದ ಎದ್ದು ನಿಂತರು. ಸಂಸ್ಥೆ ಹುಟ್ಟಿದಾಗಿನಿಂದ ಅಲ್ಲಿ ಏನೊಂದೂ ಪತ್ತೆಯಾಗಿರಲಿಲ್ಲ. ಸಕ್ಕರೆಯನ್ನು ಇಲ್ಲದಂತೆ ಮಾಡುವುದೇ ಕಿಣ್ವದ ಕೆಲಸ, ಸಕ್ಕರೆ ಇಲ್ಲವಾಗಿದೆ, ಆದ್ದರಿಂದ ಕಿಣ್ವ ಸಿಕ್ಕಿದೆ ಎಂದು ಅವರು ಅಲ್ಲಿಯೇ ತೀರ್ಮಾನಿಸಿದರು. ಇದಕ್ಕೆ ‘ಕಣ್ಮರೆ ವಿಧಾನ’ ಎಂದು ಹೆಸರಿಟ್ಟರು. ತಟ್ಟೆ ಬೇಡ, ಅಯೋಡಿನ್ ಬೇಡ; ಬೀಗ ಹಾಕಿದ ಒಂದು ಕೋಣೆಯಿದ್ದರೆ ಸಾಕು.

ಕಿರಿಯ ವಿಜ್ಞಾನಿ ಸುಮ್ಮನಿರಲಿಲ್ಲ. ಈ ಹುಳುವಿನ ರಸವನ್ನು ಅಂಗಡಿ ಸಕ್ಕರೆಯ ಮೇಲೆ ಹಾಕಿ ನೋಡಿದ್ದೇನೆ, ಏನೂ ಆಗುವುದಿಲ್ಲ, ಅಲ್ಲದೆ ಹುಳು ಮುಚ್ಚಿದ ತೊಟ್ಟಿಯಲ್ಲಿದೆ, ಸಕ್ಕರೆ ಕೆಳಗೆ ಬೀಗದೊಳಗಿತ್ತು ಎಂದಳು. ನಿರ್ದೇಶಕರು ಅವಳನ್ನು ಅನುಕಂಪದಿಂದ ನೋಡಿದರು.

“ಕಿಣ್ವ ಕಣ್ಣಿಗೆ ಕಾಣಲ್ಲ ಅಂತ ನೀವೇ ತಾನೇ ಹೇಳಿದ್ದು? ಕಾಣದೇ ಇರೋದು ಮೆಟ್ಟಿಲು ಇಳಿದಿದ್ದನ್ನ ನಾವು ಹೇಗೆ ನೋಡೋಕಾಗುತ್ತೆ?”

ತಪಾಸಣಾಧಿಕಾರಿ ಕಟ್ಟುನಿಟ್ಟಿನ ಮನುಷ್ಯ. ಪ್ರತ್ಯಕ್ಷ ಪರೀಕ್ಷೆಯಾಗಬೇಕೆಂದು ಪಟ್ಟು ಹಿಡಿದರು. ಅದರಂತೆ ಸಭಾಕೋಣೆಯ ಮೇಜಿನ ಮೇಲೆ ಬಸವನಹುಳುವನ್ನೂ ಪಕ್ಕದಲ್ಲಿ ಒಂದು ಬಟ್ಟಲು ಸಕ್ಕರೆಯನ್ನೂ ಇಡಲಾಯಿತು. ತಪಾಸಣಾಧಿಕಾರಿಯೂ ಪರೀಕ್ಷೆಗೆಂದು ರಚಿಸಿದ ಸಮಿತಿಯ ಸದಸ್ಯರೂ ಒಳಗೆ ಕೂತರು. ಅವರಿಗೆ ಸಪ್ಪೆ ಚಹಾ ಕೊಟ್ಟು ಹೊರಗಿನಿಂದ ಚಿಲಕ ಹಾಕಲಾಯಿತು. ಬಾಗಿಲು ತೆರೆದಾಗ ಬಟ್ಟಲು ತೊಳೆದಿಟ್ಟ ಹಾಗಿತ್ತು. ತಪಾಸಣಾಧಿಕಾರಿ ಮೀಸೆ ಒರೆಸಿಕೊಂಡು, ಕಿಣ್ವದ ವೇಗ ಶ್ಲಾಘನೀಯ ಎಂದು ಷರಾ ಬರೆದರು. ಹುಳು ಇಟ್ಟ ಜಾಗದಿಂದ ಕದಲಿರಲಿಲ್ಲ. ಅದರ ಶ್ರದ್ಧೆಯನ್ನು ಪ್ರತ್ಯೇಕವಾಗಿ ಪ್ರಶಂಸಿಸಲಾಯಿತು.

ಅದಾದ ಮೇಲೆ ಸುತ್ತೋಲೆ ಹೊರಟಿತು: ‘ಯಾವುದೇ ಕಚೇರಿಯ ದಾಸ್ತಾನಿನಲ್ಲಿ ಕೊರತೆ ಕಂಡುಬಂದಲ್ಲಿ ಅದನ್ನು ಕಳವು ಎಂದು ಕರೆಯತಕ್ಕದ್ದಲ್ಲ, ಜೀರ್ಣ ಎಂದು ಕರೆಯತಕ್ಕದ್ದು.’ ಕಚೇರಿಗಳಲ್ಲಿ ಹಬ್ಬದ ವಾತಾವರಣ. ರಸ್ತೆ ಇಲಾಖೆಯವರು ಡಾಂಬರಿಗಾಗಿ ಹುಳುವನ್ನು ಎರವಲು ಕೇಳಿದರು. ಆಸ್ಪತ್ರೆಯವರು ಹಾಸಿಗೆಗಳಿಗಾಗಿ ಕೇಳಿದರು. ಹುಳು ಜೀಪಿನ ಮುಂದಿನ ಸೀಟಿನಲ್ಲಿ, ಬಕೆಟ್ಟಿನೊಳಗೆ, ಊರೂರು ಸುತ್ತಿತು. ಒಂದು ಕಚೇರಿಯಲ್ಲಿ ಅದು ತಲುಪುವ ಮೊದಲೇ ಇಡೀ ವಾಹನವೊಂದು ಜೀರ್ಣವಾಗಿತ್ತು. ಕಿಣ್ವ ಮುಂಗಡವಾಗಿ ಆಗಮಿಸಿದೆ ಎಂಬ ವಿವರಣೆ ಎಲ್ಲರಿಗೂ ಒಪ್ಪಿಗೆಯಾಯಿತು. ಹುಳುವಿನ ಆಹಾರಕ್ಕೆಂದು ಮತ್ತಷ್ಟು ಸಕ್ಕರೆ ತರಿಸಲಾಯಿತು. ಬೇಕರಿಗೊಂದು ಶಾಖೆಯಾಯಿತು. ಇದೂ ಸಂಬಂಧವಿಲ್ಲದ ಸಂಗತಿಯೇ.

ಕಿಣ್ವ ಪತ್ತೆ ಮಾಡಿದ ಕೀರ್ತಿ ಮೇಲ್ವಿಚಾರಕನಿಗೆ ಹೋಗಿದ್ದರಿಂದ ಕಿರಿಯ ವಿಜ್ಞಾನಿಯ ಕೈಯಲ್ಲಿ ಇನ್ನೂ ಏನೂ ಇರಲಿಲ್ಲ. ಅವಳು ಕಡಲ ದಂಡೆಗೆ ಹೋಗಿ ತಾನೇ ಪಾಚಿ ಆರಿಸಿ ತಂದಳು. ತೊಳೆದಳು, ಕುದಿಸಿದಳು, ಬಟ್ಟೆಯಲ್ಲಿ ಸೋಸಿ ಜೆಲ್ಲಿ ಮಾಡಿದಳು. ಹುಳು ಒಂದು ಪ್ರವಾಸ ಮುಗಿಸಿ ಇನ್ನೊಂದಕ್ಕೆ ಹೊರಡುವ ನಡುವೆ ಅದರ ಬಾಯಿಂದ ಒಂದಿಷ್ಟು ರಸ ತೆಗೆದಿಟ್ಟುಕೊಂಡು, ಒಂದು ಹನಿಯನ್ನು ಜೆಲ್ಲಿಯ ಮೇಲೆ ಬಿಟ್ಟಳು. ಮರುದಿನ ತಟ್ಟೆ ತೆಗೆದು ನೋಡಿದರೆ ಹನಿ ಬಿದ್ದಲ್ಲಿ ಜೆಲ್ಲಿ ಕುಳಿ ಬಿದ್ದಿತ್ತು. ಅಯೋಡಿನ್ ಸುರಿದಳು. ಕಂದು ಬಣ್ಣದ ನಡುವೆ ದುಂಡಗೆ, ಶುಭ್ರವಾಗಿ, ಉಂಗುರ. ಅವಳು ಸ್ಟೂಲಿನ ಮೇಲೆ ಕೂತು ಒಬ್ಬಳೇ ನಕ್ಕಳು. ನಂಬಿಕೆಯಾಗದೆ ಇನ್ನೊಮ್ಮೆ ಮಾಡಿದಳು. ಮತ್ತೆ ಉಂಗುರ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿರ್ದೇಶಕರ ಕೋಣೆಗೆ ಓಡಿದಳು.

ನಿರ್ದೇಶಕರು ತಟ್ಟೆಯನ್ನು ಬೆಳಕಿಗೆ ಹಿಡಿದರು. “ಇಲ್ಲಿದ್ದ ಜೆಲ್ಲಿ ಎಲ್ಲಿ?”

“ಕಿಣ್ವ ತಿಂದಿದೆ ಸರ್.”

ಅವರ ಮುಖ ಗಂಟಿಕ್ಕಿತು. ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಇಷ್ಟು ರಾಜಾರೋಷವಾಗಿ ಕಳ್ಳತನವನ್ನು ತಂದು ತೋರಿಸಿದವರನ್ನು ಅವರು ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ. ತಜ್ಞರ ಅಭಿಪ್ರಾಯಕ್ಕಾಗಿ ಉಗ್ರಾಣದ ಮೇಲ್ವಿಚಾರಕನನ್ನು ಕರೆಸಿದರು. ಆತ ಉಂಗುರವನ್ನು ಹತ್ತಿರದಿಂದ ನೋಡಿ, ಇದು ಬೆರಳಲ್ಲಿ ಬಗೆದು ತಿಂದ ಗುರುತು, ಅನುಭವದಿಂದ ಹೇಳುತ್ತಿದ್ದೇನೆ ಎಂದ. ಹುಳು ತಿಂದಿರಬಹುದೇ ಎಂಬುದನ್ನೂ ಪರಿಶೀಲಿಸಲಾಯಿತು. ಆ ದಿನ ಹುಳು ಪರಸ್ಥಳದಲ್ಲಿ ಕರ್ತವ್ಯದ ಮೇಲಿತ್ತು. ಸಂಸ್ಥೆಯ ಜೆಲ್ಲಿಯನ್ನು ತಿಂದದ್ದಕ್ಕೆ ಕಾರಣ ಕೇಳಿ ಕಿರಿಯ ವಿಜ್ಞಾನಿಗೆ ನೋಟಿಸು ಕೊಡಲಾಯಿತು.

ಮನೆಗೆ ಬಂದು ಅವಳು ಎಲ್ಲವನ್ನೂ ಹೇಳಿ ಗೋಡೆಗೆ ಒರಗಿ ಕೂತಳು. ಅಮ್ಮ ಬಟ್ಟೆ ಮಡಿಸುತ್ತಲೇ ಕೇಳಿಸಿಕೊಂಡಳು.

“ತಿಂದಿಲ್ಲ ಅಂತ ಬರೆದ್ರೆ ಏನ್ಮಾಡ್ತಾರೆ?”

“ಸುಳ್ಳು ಹೇಳಿದ್ದಕ್ಕೆ ತೆಗೆದುಹಾಕ್ತಾರೆ.”

“ಹಾಗಾದ್ರೆ ತಿಂದೆ ಅಂತಾನೇ ಬರಿ. ಹಸಿವಾಗಿತ್ತು ಅನ್ನು. ನಿನ್ನ ಸಂಬಳ ಗೊತ್ತಿರೋ ಯಾರೂ ಅನುಮಾನಪಡಲ್ಲ ಮಗಳೇ.”

ಅವಳು ಹಾಗೆಯೇ ಬರೆದುಕೊಟ್ಟಳು. ಆಗ ನಡೆದದ್ದನ್ನು ಸಂಸ್ಥೆಯ ಇತಿಹಾಸದ ಎರಡನೆಯ ಮಹತ್ವದ ಘಟನೆ ಎನ್ನಬಹುದು. ಪಾಚಿಯ ಸಕ್ಕರೆ ಮನುಷ್ಯರ ಹೊಟ್ಟೆಯಲ್ಲಿ ಅರಗುವುದಿಲ್ಲವೆಂದು ನಿರ್ದೇಶಕರು ಎಲ್ಲೋ ಓದಿದ್ದರು. ಇವಳಿಗೆ ಅರಗಿದೆ, ಮುಖದಲ್ಲಿ ಯಾವ ತೊಂದರೆಯೂ ಕಾಣುತ್ತಿಲ್ಲ. ಅಂದಮೇಲೆ ಕಿಣ್ವ ಇವಳಲ್ಲಿಯೇ ಇದೆ. ಮನೆಯೋ ಕಡಲಿಗೆ ಹತ್ತಿರ. ನಿಯಮಾವಳಿಯ ಪ್ರಕಾರ ಕಡಲ ಗಾಳಿ ತಾಗುವ ದೂರದಲ್ಲಿ ಬದುಕುವ ಯಾವುದೇ ಪ್ರಾಣಿ ಸಮುದ್ರಜೀವಿಯೇ. ವರ್ಷ ಮುಗಿಯುವ ಮೊದಲೇ ಅವಳನ್ನು ಖಾಯಂಗೊಳಿಸಲಾಯಿತು. ವಿಜ್ಞಾನಿಯಾಗಿ ಅಲ್ಲ, ಆ ಹುದ್ದೆ ರದ್ದಾಗಿತ್ತು; ಹುಳುವಿನ ಹಾಗೆ ಒಂದು ಮಾದರಿಯಾಗಿ. ಸಂಬಳ ಅಷ್ಟೇ, ಜೊತೆಗೆ ಮೇವಿನ ಭತ್ಯೆ. ಪಿಂಚಣಿ ಇದೆಯೆಂದು ತಿಳಿದ ಮೇಲೆ ಅಮ್ಮ ಹೆಚ್ಚಿನದೇನನ್ನೂ ಕೇಳಲಿಲ್ಲ.

ಈಗ ಅವಳು ಗಾಜಿನ ಗೋಡೆಯ ಆ ಬದಿಯಲ್ಲಿ ಮೇಜು ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಹೊರಗೆ ‘ದಯವಿಟ್ಟು ಗಾಜು ತಟ್ಟಬೇಡಿ’ ಎಂಬ ಫಲಕವಿದೆ. ಬಿಡುವಿದ್ದಾಗ ತಟ್ಟೆಗಳ ಮೇಲೆ ಹನಿ ಬಿಡುತ್ತಾಳೆ. ಉಂಗುರಗಳು ಒಂದಕ್ಕಿಂತ ಒಂದು ಚೆನ್ನಾಗಿ ಮೂಡುತ್ತಿವೆ. ಸಂಜೆ ಬರುವ ನೌಕರರು ಅವನ್ನು ಎಂಜಲು ತಟ್ಟೆಗಳ ಸಾಲಿಗೆ ಸೇರಿಸಿ ತೊಳೆದಿಡುತ್ತಾರೆ.

ಮೊನ್ನೆ ಶಾಲೆಯ ಮಕ್ಕಳು ನೋಡಲು ಬಂದಿದ್ದರು. ಜೆಲ್ಲಿಯ ರುಚಿ ಹೇಗಿರುತ್ತದೆಂದು ಒಬ್ಬ ಹುಡುಗಿ ಕೇಳಿದಳು. ಮಾದರಿಯು ತನ್ನ ಕೈಯಲ್ಲಿದ್ದ ಹನಿಗೊಳವೆಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಪ್ರಾಮಾಣಿಕವಾಗಿ ಯೋಚಿಸಿದಳು.

“ಉಪ್ಪು ಸ್ವಲ್ಪ ಜಾಸ್ತಿ ಕಣಮ್ಮಾ,” ಎಂದಳು. “ಅಭ್ಯಾಸ ಆಗುತ್ತೆ.”