ಮೇಷ್ಟ್ರು ಕೈ ಇಳಿಸುವವರೆಗೆ

ತುಮಕೂರಿನಲ್ಲಿ ಒಂದು ಸಿಂಫನಿ ಆರ್ಕೆಸ್ಟ್ರಾ ಇದೆ ಎಂದರೆ ತುಮಕೂರಿನವರೇ ನಂಬುವುದಿಲ್ಲ. ನಂಬಿ ಬಂದವರು ಅರ್ಧ ಗಂಟೆ ಕೂತು, "ಹಾಡೋರು ಯಾವಾಗ ಬರ್ತಾರೆ ಮೇಡಂ?" ಎಂದು ಕೇಳುತ್ತಾರೆ. ಬೆಳಿಗ್ಗೆ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ಸಂಜೆ ಅಲ್ಲಿ ಪಿಟೀಲು ನುಡಿಸುವ ನನಗೆ ಇಂಥ ಪ್ರಸಂಗಗಳಿಗೆ ಬರವೇ ಇಲ್ಲ. ಒಂದನ್ನು ಹೇಳಿ ನಕ್ಕು ಮುಗಿಸುವಷ್ಟರಲ್ಲಿ ಇನ್ನೊಂದು ಆಗಿರುತ್ತದೆ.

ನಮ್ಮೆದುರು ನಿಂತು ಕಡ್ಡಿ ಆಡಿಸಿ ನಮ್ಮನ್ನು ನಡೆಸುವವರು ಒಬ್ಬ ನಿವೃತ್ತ ಸಂಗೀತ ಮೇಷ್ಟ್ರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ದೊಡ್ಡ ಊರಿನ ದೊಡ್ಡವರಿಗೆ ಮಾತ್ರ ಅಲ್ಲ ಎನ್ನುವುದು ಅವರ ಹಟ. ಪ್ರತಿ ಕಛೇರಿಗೂ ಮೊದಲು ಮೈಕ್ ಹಿಡಿದು, "ಇಲ್ಲಿ ಬೆಳಗಾಗುತ್ತೆ, ಇಲ್ಲಿ ಮಳೆ ಶುರುವಾಗುತ್ತೆ" ಎಂದು ಬಿಡಿಸಿ ಹೇಳುತ್ತಾರೆ. ಕೊನೆಗೆ ಒಂದೇ ಬೇಡಿಕೆ: "ನಾನು ಕೈ ಕೆಳಗಿಳಿಸೋ ತನಕ ಚಪ್ಪಾಳೆ ಬೇಡ್ರಪ್ಪಾ."

ಅವರ ಮೆಚ್ಚಿನ ಸಿಂಫನಿಗೆ ನಾಲ್ಕು ಭಾಗ. ಕೊನೆಯದು ಬರಬರುತ್ತಾ ಸಣ್ಣಗಾಗಿ ಎಲ್ಲಿ ಮುಗಿಯಿತೆಂದೇ ತಿಳಿಯದಂತೆ ಮುಗಿಯುತ್ತದೆ. ಆಮೇಲೆ ಒಂದು ಉಸಿರಿನಷ್ಟು ಮೌನ ಇರಬೇಕು. ಅಷ್ಟರಲ್ಲಿ ಯಾರಾದರೂ ಚಪ್ಪಾಳೆ ತಟ್ಟಿಬಿಡುತ್ತಿದ್ದುದರಿಂದ ಆ ಮೌನವನ್ನು ಮೇಷ್ಟ್ರು ಒಮ್ಮೆಯೂ ಕೇಳಿರಲಿಲ್ಲ. ಈ ವರ್ಷ ಅವರ ಭುಜ ಹಿಡಿದುಕೊಂಡಿತು. ಕೈ ಎತ್ತಲೇಬೇಡಿ ಎಂದರು ಡಾಕ್ಟರು. "ತುಮಕೂರು, ಗುಬ್ಬಿ, ಕುಣಿಗಲ್ ಒಪ್ಕೊಂಡಿದೀನಿ. ಅಷ್ಟರಲ್ಲಿ ಒಂದ್ಸಲ ಆ ಮೌನ ಕೇಳಿಸ್ಬಿಡ್ಲಿ, ಕಡ್ಡಿ ಕೆಳಗಿಡ್ತೀನಿ" ಎಂದರು ಮೇಷ್ಟ್ರು.

ಹಣ್ಣಿನ ಬುಟ್ಟಿ

ತುಮಕೂರಿನ ಕಛೇರಿಗೆ ಮುಖ್ಯ ಅತಿಥಿಗಳು ಬಂದಾಗ ನಾವು ಕೊನೆಯ ಭಾಗದಲ್ಲಿದ್ದೆವು. ಅವರಿಗೆ ಇನ್ನೊಂದು ಸಮಾರಂಭಕ್ಕೆ ಹೊತ್ತಾಗಿತ್ತು. ಕಛೇರಿ ಏರ್ಪಡಿಸಿದ್ದ ಸಂಘದ ಕಾರ್ಯದರ್ಶಿಗಳು ಅವರನ್ನು ಕರೆದುಕೊಂಡು ಸೀದಾ ವೇದಿಕೆ ಹತ್ತಿ, "ಮೇಷ್ಟ್ರೇ, ನಿಮ್ ಪಾಡಿಗೆ ನೀವು ನಡೆಸ್ತಿರಿ, ನಾವು ಸನ್ಮಾನ ಮುಗಿಸ್ಬಿಡ್ತೀವಿ" ಎಂದರು.

ನೋಡನೋಡುತ್ತಿದ್ದಂತೆ ಮೇಷ್ಟ್ರ ಹೆಗಲಿಗೆ ಶಾಲು, ತಲೆಗೆ ಪೇಟ, ಕೊರಳಿಗೆ ಹಾರ ಬಂತು. ಬಲಗೈಯಲ್ಲಿ ಕಡ್ಡಿ ಇದ್ದುದರಿಂದ ಹಣ್ಣಿನ ಬುಟ್ಟಿ ಎಡಗೈಗೆ ಹೋಯಿತು. ಜೋರಾಗಿ ನುಡಿಸಿ ಎನ್ನಲು ಅವರು ಎತ್ತುವುದು ಆ ಕೈಯನ್ನೇ. ಮೂಸಂಬಿ ಉರುಳದಿರಲಿ ಎಂದು ಅವರು ಬುಟ್ಟಿ ಮೇಲೆತ್ತಿದರು, ನಾವು ಜೀವ ಬಿಟ್ಟು ನುಡಿಸಿದೆವು. ಭುಜ ತಡೆಯಲಿಲ್ಲ, ಬುಟ್ಟಿ ಕೆಳಗಿಟ್ಟರು. ಕೈ ಇಳಿಯಿತಲ್ಲ, ಹೇಳಿದ ಮಾತು ಮೀರದ ಜನ ಭರ್ಜರಿ ಚಪ್ಪಾಳೆ ತಟ್ಟಿದರು.

ಅತಿಥಿಗಳು ಮೈಕ್ ತೆಗೆದುಕೊಂಡು, "ಇಷ್ಟು ಹೊತ್ತೂ ಜನಕ್ಕೆ ಮುಖ ತೋರಿಸದೆ ನಿಂತಿದ್ದಾರೆ. ಪ್ರಚಾರ ಬಯಸದ ಇಂಥ ಸರಳತೆ ಇವತ್ತು ಎಲ್ಲಿದೆ?" ಎಂದರು.

ಒನ್ಸ್ ಮೋರ್

ಗುಬ್ಬಿ ನಾಟಕದ ಊರು. ಮುಂದಿನ ಸಾಲಿನಲ್ಲಿ ಕೊಬ್ಬರಿ ಮಂಡಿಯ ಯಜಮಾನರೊಬ್ಬರು ಜರಿ ಪಂಚೆ ಉಟ್ಟು ಕೂತಿದ್ದರು. ಎರಡನೇ ಭಾಗದಲ್ಲಿ ಕೊಳಲಿನ ಹುಡುಗಿ ಒಂದು ಚೂರು ಒಬ್ಬಳೇ ನುಡಿಸಿದಳು. ಯಜಮಾನರು ಎದ್ದು ನಿಂತು, "ಒನ್ಸ್ ಮೋರ್" ಎಂದರು. ಮೇಷ್ಟ್ರಿಗೆ ಖುಷಿಯಾಯಿತು. ತಿರುಗಿ ಕೈ ಮುಗಿದು, "ಕೊನೇಲಿ ನುಡಿಸ್ತೀವಿ ಯಜಮಾನ್ರೇ" ಎಂದರು.

"ಕೊನೇಲಿ ಯಾಕೆ ಸಾರ್? ಇದು ಸತ್ತು ಬಿದ್ದೋನೂ ಒನ್ಸ್ ಮೋರ್ ಅಂದ್ರೆ ಎದ್ದು ಹಾಡಿ, ತಿರ್ಗಾ ಸಾಯ್ತಿದ್ದ ಊರು. ಈಗ್ಲೇ ಆಗ್ಲಿ."

ಸತ್ತವನೇ ಎದ್ದಿದ್ದಾನೆ, ಬದುಕಿರುವ ನಾವು ಹೇಗೆ ಇಲ್ಲ ಎನ್ನುವುದು? ನುಡಿಸಿದೆವು. ರುಚಿ ಹತ್ತಿದ ಮೇಲೆ ಜನ ಬಿಡಲಿಲ್ಲ. ಮಳೆ ಮತ್ತೆ ಬಂತು, ಬೆಳಗು ಮತ್ತೆ ಮತ್ತೆ ಆಯಿತು. ಮೂರನೇ ಭಾಗ ಮುಗಿಯುವಷ್ಟರಲ್ಲಿ ಚೇಳೂರಿನ ಕೊನೆಯ ಬಸ್ಸಿನ ಹೊತ್ತಾಗಿ ಅರ್ಧ ಹಾಲ್ ಎದ್ದು ನಿಂತಿತು. ಮೇಷ್ಟ್ರು ಸುಮ್ಮನೆ ಕಡ್ಡಿಯನ್ನು ಜೇಬಿಗೆ ಹಾಕಿಕೊಂಡರು. ಅವರ ಮುಖ ನೋಡಿ ನನಗೆ ಜನರ ಮೇಲೆ ಸಿಟ್ಟೇ ಬಂತು.

ಯಜಮಾನರು ಹತ್ತಿರ ಬಂದು ಸಮಾಧಾನ ಹೇಳಿದರು. "ನಾಕ್ನೇದು ಉಳೀತಲ್ಲ, ಬೇಜಾರ್ ಮಾಡ್ಕಬ್ಯಾಡಿ. ಅದನ್ನ ಕೇಳಕ್ಕೆ ಕುಣಿಗಲ್‌ಗೇ ಬತ್ತೀನಿ. ಅಲ್ಲಿ ಒನ್ಸ್ ಮೋರ್ ಕೂಗೋರು ಯಾರವ್ರೆ ಪಾಪ."

ಗೂಳೂರಿನ ಟೀ

ಕುಣಿಗಲ್‌ಗೆ ಹೋಗುವ ದಿನ ನಮ್ಮ ಡಬಲ್ ಬೇಸ್, ಅಂದರೆ ಆಳಿಗಿಂತ ಎತ್ತರದ ಪಿಟೀಲು, ಧೂಳಾಗಬಾರದೆಂದು ಬಿಳೀ ದುಪ್ಪಟಿ ಸುತ್ತಿಕೊಂಡು ಗೂಡ್ಸ್ ಆಟೋದಲ್ಲಿ ಮಲಗಿತ್ತು. ಅದನ್ನು ನುಡಿಸುವವರು ನಿದ್ದೆಗೆಟ್ಟ ಮುಖ ಹೊತ್ತು ಅದರ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಗೂಳೂರಿನಲ್ಲಿ ಟೀಗೆ ನಿಲ್ಲಿಸಿದೆವು. ಅಂಗಡಿ ಮುಂದಿದ್ದವರು ತಲೆಯ ಟವೆಲ್ ತೆಗೆದು ಎದ್ದು ನಿಂತರು. ಅಂಗಡಿಯವನು ಮೆಲ್ಲಗೆ, "ವಯಸ್ಸೆಷ್ಟಾಗಿತ್ತು ಸಾರ್?" ಎಂದ.

"ನೂರಾಗಿದೆ. ನಮ್ಮ ತಾತನ ಕಾಲದ್ದು" ಎಂದರು ಬೇಸ್‌ನವರು ಹೆಮ್ಮೆಯಿಂದ.

ಟೀಗೆ ಅವನು ದುಡ್ಡು ಮುಟ್ಟಲಿಲ್ಲ. ವಿಷಯ ತಿಳಿಸೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಬೇಸ್‌ನವರು ದುಪ್ಪಟಿಯೊಳಗೆ ಕೈ ಹಾಕಿ, ತಂತಿ ಸರಿಯಿದೆಯೇ ಎಂದು ಒಮ್ಮೆ ಮೀಟಿದರು. ಒಳಗಿನಿಂದ "ಬೊಂಯ್" ಎಂದಿತು. ನಾವು ಹೊರಟಾಗ ಅಂಗಡಿ ಮುಂದೆ ಒಬ್ಬರೂ ಇರಲಿಲ್ಲ.

ಗಟ್ಟಿಮೇಳ

ಕುಣಿಗಲ್‌ನಲ್ಲಿ ನಮಗೆ ಸಿಕ್ಕಿದ್ದು ಕಲ್ಯಾಣ ಮಂಟಪ. ಭಾನುವಾರ ಬೆಳಿಗ್ಗೆ ಕಛೇರಿ, ಆಮೇಲೆ ಎಲ್ಲರಿಗೂ ಊಟ ಎಂದು ಕರೆದಿದ್ದರು. ಮೇಷ್ಟ್ರ ಕೊನೆಯ ಕಛೇರಿ ಎಂದು ನಾವು ಮೈಯೆಲ್ಲ ಎಚ್ಚರವಾಗಿದ್ದೆವು.

ಮೂರನೇ ಭಾಗ ಮುಗಿಯುವುದು ಡೋಲು, ಕಹಳೆ ಎಲ್ಲ ಒಟ್ಟಿಗೆ ಸೇರಿ. ಕಲ್ಯಾಣ ಮಂಟಪದಲ್ಲಿ ಹಾಗೆ ಎಲ್ಲ ಒಟ್ಟಿಗೆ ಮೊಳಗಿದರೆ ಏನರ್ಥ? ಹಿರಿಯರೊಬ್ಬರು ಅಭ್ಯಾಸ ಬಲದಿಂದ ಖಾಲಿ ಕೈಯಲ್ಲೇ ಅಕ್ಷತೆ ಹಾಕಿದರು. "ಗಟ್ಟಿಮೇಳ ಆಯ್ತು, ನಡೀರಿ. ಮೊದ್ಲ ಪಂಕ್ತಿ ಸಿಗ್ಲಿಲ್ಲ ಅಂದ್ರೆ ಆಮೇಲೆ ಕಾಯ್ಬೇಕು" ಎಂದು ಎದ್ದರು. ಹಿಂದೆಯೇ ಸಾಲುಸಾಲಾಗಿ ಜನ ಎದ್ದರು. ಬಸ್ಸಿನಲ್ಲಿ ಸೀಟು ಹಿಡಿಯುವಂತೆ ಕುರ್ಚಿಗಳ ಮೇಲೆ ಟವೆಲ್, ಕರ್ಚೀಫ್, ಬ್ಯಾಗು ಇಟ್ಟು, ಸದ್ದಿಲ್ಲದೆ ಊಟದ ಹಾಲಿಗೆ ನಡೆದರು. ಗುಬ್ಬಿಯ ಯಜಮಾನರೂ ಹೊರಟರು.

ಮೇಷ್ಟ್ರ ಬೆನ್ನು ಆ ಕಡೆ, ನಮ್ಮ ಮುಖ ಆ ಕಡೆ. ಅವರು ಕೊನೆಯ ಭಾಗ ಶುರು ಮಾಡಿಯೇಬಿಟ್ಟರು. ಹೇಳುವುದು ಹೇಗೆ? ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಸಂಗೀತ ನನ್ನ ಮನಸ್ಸು ತಟ್ಟಿದೆ ಎಂದುಕೊಂಡು ಅವರು ತಲೆಯಾಡಿಸಿದರು. ಕೆಮ್ಮಿಲ್ಲ, ಮೊಬೈಲಿಲ್ಲ, ಮಗುವಿನ ಅಳುವಿಲ್ಲ. ಮೇಷ್ಟ್ರ ಮುಖ ಅರಳುತ್ತಾ ಹೋಯಿತು. ಕೊನೆಯ ಸ್ವರ ಸಣ್ಣಗಾಗಿ ನಿಂತಿತು. ಅವರ ಕೈ ಮೇಲೆಯೇ ಇತ್ತು, ಭುಜ ನಡುಗುತ್ತಿತ್ತು. ಅವರ ಕಣ್ಣಲ್ಲೂ ನೀರು, ನಮ್ಮ ಕಣ್ಣಲ್ಲೂ ನೀರು. ಕಾರಣ ಮಾತ್ರ ಬೇರೆಬೇರೆ.

ಕೈ ಇಳಿಸಿದರು. ಚಪ್ಪಾಳೆ ಬರಲಿಲ್ಲ. "ಚಪ್ಪಾಳೆ ತಟ್ಟೋದನ್ನೂ ಮರ್ತವ್ರೆ ಕಣ್ರಪ್ಪಾ" ಎಂದು ನಮಗೆ ಪಿಸುಗುಟ್ಟಿ ತಿರುಗಿದರು.

ಸಾಲುಸಾಲು ಟವೆಲ್‌ಗಳು. ತಲೆ ಬಾಗಿಸಲು ಹೊರಟಿದ್ದವರು ಅರ್ಧಕ್ಕೆ ನಿಲ್ಲಿಸಲಾಗದೆ ಅವಕ್ಕೇ ಬಾಗಿಸಿದರು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಊಟದ ಹಾಲಿನ ಬಾಗಿಲಲ್ಲಿ, ಎಂಜಲು ಕೈಯನ್ನು ದೂರ ಹಿಡಿದುಕೊಂಡು ಗುಬ್ಬಿಯ ಯಜಮಾನರು ಕಾಣಿಸಿದರು. "ಒಳಗೂ ಸ್ಪೀಕರ್ ಐತೆ ಸಾರ್, ಎಲ್ಲಾ ಕೇಳುಸ್ತು. ಕೊನೇಲಿ ಸಣ್ಣಕ್ಕಾಯ್ತಲ್ಲ, ಆಗ ಹಪ್ಪಳ ಬಡಿಸಿದ್ರು. ಒಬ್ರಿಗೂ ಮುರಿಯಕ್ಕೆ ಬುಡ್ಲಿಲ್ಲ ನಾನು. ಇಡೀ ಪಂಕ್ತಿ ಹಪ್ಪಳ ಹಿಡ್ಕಂಡು ಹಂಗೇ ಕೂತದೆ."

"ಯಾರೂ ಮುರೀಲಿಲ್ವೇ?" ಎಂದರು ಮೇಷ್ಟ್ರು.

"ಇಲ್ಲ ಸಾರ್. ಎಂಜಲು ಕೈಲಿ ಚಪ್ಪಾಳೆ ತಟ್ಟಂಗಿಲ್ಲ, ಅದ್ಕೇ ಬಂದೆ. ಒನ್ಸ್ ಮೋರ್."

ಡಾಕ್ಟರು ಬೇಡವೆಂದ ಕೈಯನ್ನು ಮೇಷ್ಟ್ರು ಮತ್ತೆ ಎತ್ತಿದರು. ಹಸಿದ ಹೊಟ್ಟೆಯಲ್ಲಿ ನಾವು ಅಷ್ಟು ಚೆನ್ನಾಗಿ ಹಿಂದೆಂದೂ ನುಡಿಸಿರಲಿಲ್ಲ. ಕೊನೆಯ ಸ್ವರ ನಿಂತಿತು. ಬಾಗಿಲಲ್ಲಿ ಯಜಮಾನರೂ ಒಳಗಿನವರಿಗೆ ಕಾಣುವಂತೆ ಕೈ ಎತ್ತಿ ನಿಂತಿದ್ದರು. ಒಂದು ಉಸಿರಿನಷ್ಟು ಹೊತ್ತು ಇಡೀ ಮಂಟಪದಲ್ಲಿ ಏನೂ ಕೇಳಿಸಲಿಲ್ಲ.

ಮೇಷ್ಟ್ರು ಕೈ ಇಳಿಸಿದರು. ಅವರನ್ನು ನೋಡಿ ಯಜಮಾನರೂ ಇಳಿಸಿದರು. ಊಟದ ಹಾಲಿನಲ್ಲಿ ಇಡೀ ಪಂಕ್ತಿ ಒಟ್ಟಿಗೆ ಹಪ್ಪಳ ಮುರಿಯಿತು.