ಹಿತ್ತಿಲಿಗೆ ಬರುವ ಪಲ್ಟನ್

ನಮ್ಮ ಚಿಕ್ಕತಾತ ಬರ್ಮಾ ಯುದ್ಧದಲ್ಲಿ ಎರಡು ಸಲ ಗಾಯಗೊಂಡಿದ್ದರು. ಯುದ್ಧ ಮುಗಿದ ಮೇಲೆ ಹುಟ್ಟಿದ ಮನುಷ್ಯನಿಗೆ ಇದೇನು ಸಾಮಾನ್ಯ ಅಚೀವ್‌ಮೆಂಟೇ! ಒಂದು ಗುಂಡು ಎಡಗಾಲಿನ ಮೀನಖಂಡಕ್ಕೆ ಹೊಕ್ಕಿತ್ತು, ಇನ್ನೊಂದು ಎಡಗಿವಿಯನ್ನು ಸವರಿಕೊಂಡು ಹೋಗಿತ್ತು. ಹಾಗಾಗಿ ಅಮಾವಾಸ್ಯೆ ಹತ್ತಿರ ಬಂದರೆ ಚಿಕ್ಕತಾತ ಎಡಗಾಲು ಎಳೆದುಕೊಂಡು ಕುಂಟುತ್ತಿದ್ದರು. ಚಿಕ್ಕಜ್ಜಿ ಕೆಲಸ ಹೇಳಿದರೆ ಎಡಗಿವಿ ಕೇಳಿಸುತ್ತಲೇ ಇರಲಿಲ್ಲ.

ಒಮ್ಮೆ ಕೊಳ್ಳೇಗಾಲದ ಡಾಕ್ಟರು ಪಂಚೆ ಸರಿಸಿ ಕಾಲು ನೋಡಿದರು.

"ಯಜಮಾನ್ರೇ, ಒಂದು ತರಚಿದ ಗಾಯಾನೂ ಇಲ್ವಲ್ಲ! ಎಳೇ ಮಗೀನ ಕಾಲಿದ್ದಂಗದೆ."

"ಗಾಯ ನಮ್ಮಪ್ಪಂದು ಸಾ. ನೋವು ನಂದು" ಎಂದರು ಚಿಕ್ಕತಾತ, ಬಹಳ ಗಂಭೀರವಾಗಿ. "ಅಣ್ಣತಮ್ಮಂದಿರು ಪಾಲು ಮಾಡ್ಕಂಡಾಗ ಅಣ್ಣಂಗೆ ಗದ್ದೆ ಹೋಯ್ತು, ನನ್ನ ಪಾಲಿಗೆ ಇದು ಬಂತು."

ಆ ಅಣ್ಣನೇ ನನ್ನ ಸ್ವಂತ ತಾತ. ಇವರಿಬ್ಬರ ಅಪ್ಪ, ಅಂದರೆ ನನ್ನ ಮುತ್ತಾತ, ನಮ್ಮ ಧನಗೆರೆಯಿಂದ ಪಲ್ಟನ್ ಸೇರಿದ ಒಬ್ಬನೇ ಒಬ್ಬ. ಸಾವಿರದ ಎಂಟುನೂರ ಎಂಬತ್ತೈದರ ಸುಮಾರಿನ ಮಾತು, ಕೊಳ್ಳೇಗಾಲ ಆಗ ಮದ್ರಾಸಿಗೆ ಸೇರಿತ್ತು. ಕಡಲು ದಾಟಿದರೆ ಜಾತಿ ಕೆಡುತ್ತದೆಂದು ಜನ ಹೆದರುತ್ತಿದ್ದ ಕಾಲ. ದಾಟುತ್ತೇವೆಂದು ತಾವಾಗಿಯೇ ಹೆಸರು ಕೊಟ್ಟವರನ್ನೆಲ್ಲ ಸೇರಿಸಿ ಕಟ್ಟಿದ ವಾಲಂಟಿಯರ್ ಪಲ್ಟನ್ ಅದು. ಅದರ ನಂಬರ್ ಏನು ತಾತ ಎಂದು ಕೇಳಿದರೆ, "ಅದು ಮಿಲಿಟರಿ ಗುಟ್ಟು ಕೂಸೇ, ಹೇಳ್ಬಾರ್ದು" ಎನ್ನುತ್ತಿದ್ದರು. ಮರೆತುಹೋಗಿತ್ತು, ಪಾಪ!

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಬೋರ್ಡರ್ ಆಗಿದ್ದೆ. ರಜಕ್ಕೆ ಧನಗೆರೆಗೆ ಬಂದರೆ ಸಂಜೆ ಜಗಲಿಯ ಮೇಲೆ ನನಗೆ ಬರ್ಮಾ ಯುದ್ಧ ಕಾದಿರುತ್ತಿತ್ತು. ಹಡಗು, ರಂಗೂನು, ಐರಾವತಿ ನದಿ, ಆಮೇಲೆ ಕೊನೆಯೇ ಇಲ್ಲದ ಬಿದಿರುಮೆಳೆ. ಗುಂಡಿಗಿಂತ ಚಳಿಜ್ವರಕ್ಕೆ ಸತ್ತವರೇ ಹೆಚ್ಚಂತೆ. ಚಿಕ್ಕತಾತ ಇದನ್ನೆಲ್ಲ ಅಪ್ಪನ ಕಥೆಯಾಗಿ ಹೇಳುತ್ತಿರಲಿಲ್ಲ. "ನಾವು ಹೊಳೆ ದಾಟಿದ್ವಿ", "ನಾವು ಮಲಗಿದ್ವಿ" ಎಂದೇ ಹೇಳುತ್ತಿದ್ದರು.

"ಮೊನ್ನೆ ಹೊಳೆ ದಾಟ್ವಾಗ ಮಳೆ ಅಂದ್ರಿ, ಇವತ್ತು ಬಿಸ್ಲು ಅಂತೀರಲ್ಲ" ಎಂದು ಒಳಗಿಂದ ಚಿಕ್ಕಜ್ಜಿಯ ದನಿ ಬರುತ್ತಿತ್ತು.

"ಬರ್ಮಾದಲ್ಲಿ ಎರಡೂ ಒಟ್ಗೇ ಬತ್ತದೆ ಕಣಮ್ಮಿ. ನೀ ಓಗಿದ್ದಾ?"

"ನೀವ್ ಓಗಿದ್ರಾ?"

ಈ ಪ್ರಶ್ನೆ ಮಾತ್ರ ಸೀದಾ ಎಡಗಿವಿಗೆ ಬೀಳುತ್ತಿತ್ತು!

ನಮ್ಮ ಹಿಸ್ಟರಿ ಪುಸ್ತಕದಲ್ಲಿ ಆ ಯುದ್ಧಕ್ಕೆ ಒಂದೇ ಒಂದು ಸಾಲು ಇತ್ತು. ಬರ್ಮಾ ಅನೆಕ್ಸ್ ಆಯಿತು, ಫುಲ್‌ಸ್ಟಾಪ್. ನಾನು ಅದನ್ನು ಜಂಬದಿಂದ ಓದಿ, ಬ್ರಿಟಿಷರು ಬರ್ಮಾವನ್ನು ವಶ ಮಾಡಿಕೊಂಡರು ಎಂದು ಅರ್ಥ ಹೇಳಿದೆ. ಚಿಕ್ಕತಾತ ಪುಸ್ತಕ ಇಸಿದುಕೊಂಡು ಆ ಸಾಲಿನ ಮೇಲೆ ಬೆರಳಾಡಿಸಿದರು. ಇಂಗ್ಲಿಷ್ ಅಕ್ಷರ ಬರದವರು ಫುಲ್‌ಸ್ಟಾಪಿನ ಮೇಲೆ ಬೆರಳು ನಿಲ್ಲಿಸಿ, "ನಮ್ಮೋರು ಎಲ್ಲಾ ಇದರೊಳಗೆ ಅವ್ರಾ?" ಎಂದು ಕೇಳಿದರು. ಕಾನ್ವೆಂಟಿನ ಸಿಸ್ಟರುಗಳು ಇಂಥ ಪ್ರಶ್ನೆಗೆ ಉತ್ತರ ಕಲಿಸಿರಲಿಲ್ಲ.

ಆ ಸಂಜೆಯೇ ಅವರು ನನಗೆ ರಾಮಾಪುರದವನ ವಿಷಯ ಹೇಳಿದ್ದು.

ಪಲ್ಟನ್ನಿನಲ್ಲಿ ನಮ್ಮ ಸೀಮೆಯವರು ಒಬ್ಬರನ್ನೊಬ್ಬರು ಊರಿನ ಹೆಸರಿಂದಲೇ ಕರೆಯುತ್ತಿದ್ದರಂತೆ. ಮುತ್ತಾತ 'ಧನಗೆರೆ'. ಅವನ ಜೀವದ ಗೆಳೆಯ 'ರಾಮಾಪುರ', ಹನೂರಿನ ಆಚೆ ಕಾಡಂಚಿನವನು. ಒಂದು ದಿನ ಬಿದಿರುಮೆಳೆಯಲ್ಲಿ ಸಾಲಾಗಿ ನಡೆಯುತ್ತಿದ್ದಾಗ ಮುತ್ತಾತ ಏನೋ ಹೇಳಲು ಹಿಂದೆ ತಿರುಗಿದ. ರಾಮಾಪುರ ಇರಲಿಲ್ಲ. ಗುಂಡಿನ ಸದ್ದಿಲ್ಲ, ಕೂಗಿಲ್ಲ. ಅವನ ಹೆಜ್ಜೆಯ ಕೆಸರಿನಲ್ಲಿ ನೀರು ಇನ್ನೂ ಒಸರುತ್ತಿತ್ತು, ಅಷ್ಟೇ. ಸಂಜೆ ರೋಲ್‌ಕಾಲ್. ಹೆಣ ಸಿಗದವನು ಹಾಜರಿ ಹೇಳದಿದ್ದರೆ ಓಡಿಹೋದವನೆಂದು ಬರೆಯುತ್ತಾರೆ. ಊರಿಗೆಲ್ಲ ಹೇಡಿ ಎಂಬ ಸುದ್ದಿ ಹೋಗುತ್ತದೆ. ಅವನ ಹೆಸರು ಕೂಗಿದಾಗ ಮುತ್ತಾತ ದನಿ ಬದಲಿಸಿ "ಹಾಜರ್" ಎಂದುಬಿಟ್ಟ. ನಾಳೆ ಬಂದುಬಿಡುತ್ತಾನೆ ಎಂಬ ನಂಬಿಕೆ. ನಾಳೆಯೂ ಹೇಳಿದ. ಯುದ್ಧ ಮುಗಿಯುವತನಕ ಹೇಳಿದ. ಒಬ್ಬ ಮನುಷ್ಯ ಬರೀ ದನಿಯಾಗಿ ಪಲ್ಟನ್ನಿನಲ್ಲಿ ಉಳಿದ.

"ಮದ್ರಾಸ್ ಬಂದರಿನಲ್ಲಿ ಕೊನೇ ಹಾಜರಿ" ಎಂದರು ಚಿಕ್ಕತಾತ. ಜಗಲಿಯ ಮೇಲೆ ಆಗ ಬೆಳಕು ಇಳಿಯುತ್ತಿತ್ತು. "ನಮ್ಮಪ್ಪಂಗೆ ಜ್ವರ ಬಂದು ಗಂಟ್ಲೇ ಕಟ್ಟೋಗಿತ್ತು. 'ರಾಮಾಪುರ' ಅಂತ ಕೂಗ್ದಾಗ ಬಾಯಿ ತೆಗ್ದ, ದನಿ ಹೊರಡ್ಲಿಲ್ಲ. ಮುಗೀತು ಅನ್ಕಂಡ. ಆಗ ಹಿಂದ್ಗಡೆಯಿಂದ 'ಹಾಜರ್' ಅಂತ ಬಂತು ಕೂಸೇ. ಅವನ್ದೇ ದನಿ. ತಿರುಗಿ ನೋಡಿದ್ರೆ ಸಮುದ್ರ."

ನಾನು ಕಾಲನ್ನು ಜಗಲಿಯ ಮೇಲಕ್ಕೆ ಎಳೆದುಕೊಂಡೆ. ಕಾನ್ವೆಂಟಿನ ಎಜುಕೇಶನ್ನು ಆ ಕ್ಷಣ ಎಲ್ಲಿಗೆ ಹೋಗಿತ್ತೋ ಕಾಣೆ!

ಮುತ್ತಾತ ಸಾಯುವಾಗ ಚಿಕ್ಕತಾತನಿಗೆ ಒಪ್ಪಿಸಿದ ಕೆಲಸ ಒಂದೇ. ರಾಮಾಪುರದವನು ಹಿಂದೆ ಹಿಂದೆಯೇ ಬರುತ್ತಿದ್ದಾನೆ, ಮನೆ ಮುಟ್ಟಿಸು.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಂದಕ್ಕೆ ಮಾಡಿ ಎಲ್ಲರೂ ಹೊರಗೆ ಕೂರುವುದು. ಅವರು ಬಂದು ಉಂಡು ಹೋಗುತ್ತಾರೆ. ನಮ್ಮ ಮನೆಯಲ್ಲೂ ನಡುಮನೆಯಲ್ಲಿ ಎಡೆ ಇರುತ್ತಿತ್ತು. ಆದರೆ ಚಿಕ್ಕತಾತ ಅದಲ್ಲದೆ ಹಿತ್ತಿಲಿನಲ್ಲಿ ಇಡೀ ಪಲ್ಟನ್ನಿಗೆ ಎಲೆ ಹಾಕಿಸುತ್ತಿದ್ದರು! ಎತ್ತಿನ ಹಗ್ಗ ಎಳೆದು ಕಟ್ಟಿ, ಅದರ ನೇರಕ್ಕೆ ಎಲೆಗಳ ಸಾಲು. ಒಂದು ಎಲೆ ಬೆರಳಗಲ ಆಚೀಚೆ ಆದರೂ, "ಲೈನ್! ಲೈನ್!" ಎಂದು ಗದರಿಕೆ. ಸಾಲಿನ ಕಟ್ಟಕಡೆಯ ಎಲೆ ರಾಮಾಪುರದವನದು.

ಒಂದು ವರ್ಷ ಪಲ್ಟನ್ನಿಗೆ ಬಾಡಿನ ಸಾರು ಬೇಕೆಂದು ಹಟ ಹಿಡಿದರು. ನಮ್ಮದೋ ಮೊಟ್ಟೆಯ ಹೆಸರು ಕೇಳಿದರೆ ಬಾಯಿ ಮುಕ್ಕಳಿಸುವ ಮನೆ.

"ಸತ್ತೋರ್ಗೆ ಯಾವ ಜಾತಿ ಅಮ್ಮಿ?"

"ಸತ್ತೋರ್ಗಿಲ್ಲ. ನನ್ ಪಾತ್ರೆಗೆ ಅದೆ" ಎಂದರು ಚಿಕ್ಕಜ್ಜಿ. ಪಲ್ಟನ್ ಆ ವರ್ಷವೂ ರಾಗಿಮುದ್ದೆ, ಹುರುಳಿಸಾರಿನಲ್ಲೇ ತೃಪ್ತಿಪಟ್ಟಿತು.

ಎಲ್ಲ ಬಡಿಸಿದ ಮೇಲೆ ಚಿಕ್ಕತಾತ ಎಡಗಾಲೆಳೆಯುತ್ತ ಸಾಲಿನ ಮುಂದೆ ನಡೆದು ಹಾಜರಿ ಕೂಗುತ್ತಿದ್ದರು. "ಮಧುವನಹಳ್ಳಿ! ಹನೂರು!" ಪ್ರತಿ ಹೆಸರಿಗೂ ಸ್ವಲ್ಪ ತಡೆದು ತಲೆಯಾಡಿಸುತ್ತಿದ್ದರು. "ಧನಗೆರೆ!" ಎಂದಾಗ ಅಪ್ಪನ ಪರವಾಗಿ ತಾವೇ "ಹಾಜರ್" ಎನ್ನುತ್ತಿದ್ದರು. "ರಾಮಾಪುರ!" ಎಂದಾಗ ಮಾತ್ರ ಬಹಳ ಹೊತ್ತು ನಿಲ್ಲುತ್ತಿದ್ದರು. ನಮ್ಮ ನಾಯಿ, ಬೇರೆ ದಿನ ಎಂಜಲೆಲೆಗೆ ಜೀವ ಬಿಡುವಂಥದ್ದು, ಅಷ್ಟು ಹೊತ್ತಿಗೆ ಗಾಡಿಯ ಕೆಳಗೆ ಮುದುಡಿ ಮಲಗಿರುತ್ತಿತ್ತು.

ನಾವು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಸ್ವಲ್ಪ ಹೊತ್ತಿನ ಮೇಲೆ ಬಂದು ನೋಡುತ್ತಿದ್ದೆವು. ಪ್ರತಿ ಮುದ್ದೆಯಲ್ಲೂ ಒಂದೊಂದು ತುತ್ತು ಮುರಿದ ಗುಳಿ! ಕೊನೆಯ ಎಲೆಯ ಮುದ್ದೆ ಮಾತ್ರ ನುಣ್ಣಗೆ, ಇಟ್ಟದ್ದು ಇಟ್ಟ ಹಾಗೆ. ಅದಕ್ಕೆ ಇರುವೆ ಕೂಡ ಹತ್ತುತ್ತಿರಲಿಲ್ಲ.

"ಹೆಗ್ಗಣ ಕಣವ್ವಾ, ಹೆದರ್ಕಬೇಡ" ಎನ್ನುತ್ತಿದ್ದರು ಚಿಕ್ಕಜ್ಜಿ.

"ಹೆಗ್ಗಣಕ್ಕೆ ಯಾವತ್ತಿಂದ ಬೆರಳು ಬಂತಮ್ಮಿ?" ಎನ್ನುತ್ತಿದ್ದರು ಚಿಕ್ಕತಾತ.

ಹೀಗಿರುವಾಗ ಐವತ್ತಾರನೇ ಇಸವಿಯಲ್ಲಿ ರಾಜ್ಯಗಳ ಗಡಿ ಬದಲಾಗಿ ಕೊಳ್ಳೇಗಾಲ ಮೈಸೂರಿಗೆ ಸೇರಿತು. ಊರೆಲ್ಲ ಖುಷಿ. ಅದುವರೆಗೆ ಯಳಂದೂರು ಮೈಸೂರು, ಕೊಳ್ಳೇಗಾಲ ಮದ್ರಾಸು. ಬೀಗರ ಮನೆಗೆ ಹೋದರೂ ರಾಜ್ಯ ದಾಟಬೇಕಿತ್ತು. ಚಿಕ್ಕತಾತನ ಮುಖ ಮಾತ್ರ ಸಣ್ಣಗಾಯಿತು. ಸೀದಾ ಕೊಳ್ಳೇಗಾಲದ ತಾಲ್ಲೂಕು ಕಚೇರಿಗೆ ಹೋದರು. ನಾನೂ ಜೊತೆಗಿದ್ದೆ.

"ಸಾ, ನಮ್ ಪಲ್ಟನ್ ಮದ್ರಾಸ್ ಸರ್ಕಾರದ್ದು. ಅವ್ರು ಹೊರಟಾಗ ಕೊಳ್ಳೇಗಾಲ ಮದ್ರಾಸ್ನಲ್ಲಿತ್ತು. ಈಗ ಅಲ್ಲಿ ಬಂದು ಹುಡುಕಿದ್ರೆ ಊರೇ ಇರಲ್ವಲ್ಲ! ಅವ್ರಿಗೆ ತಿಳಿಸೋರು ಯಾರು?"

ಗುಮಾಸ್ತರು ಕನ್ನಡಕ ಮೇಲೆತ್ತಿದರು. "ಅವ್ರು ಈಗ ಎಲ್ಲವ್ರೆ ಯಜಮಾನ್ರೇ?"

"ಸತ್ತೋಗವ್ರೆ."

"ಸತ್ತೋರ್ದು ನಮ್ ಸೆಕ್ಷನ್ ಅಲ್ಲ" ಎಂದರು ಗುಮಾಸ್ತರು, ಒಂದು ಚೂರೂ ನಗದೆ. ನಿಜವಾದ ಆಫೀಸರ್ ಮೆಟೀರಿಯಲ್!

ಸರ್ಕಾರ ಕೈಬಿಟ್ಟ ಮೇಲೆ ಚಿಕ್ಕತಾತ ತಾವೇ ಹೊರಟರು. ಮರುವರ್ಷದ ಮಹಾಲಯ ಅಮಾವಾಸ್ಯೆಯ ದಿನ, ದಸರಾ ರಜಕ್ಕೆ ಬಂದಿದ್ದ ನನ್ನನ್ನೂ ಕರೆದುಕೊಂಡು ಬಸ್ ಹತ್ತಿ ರಾಮಾಪುರಕ್ಕೆ ಹೋದರು. ಆಚೆಗೆ ಕಾಡು, ಕಾಡಿನಾಚೆ ಮದ್ರಾಸಿನ ಸೀಮೆ. ಪಲ್ಟನ್ ಬರುವುದಾದರೆ ಇದೇ ದಾರಿ ಎಂದು ಚಿಕ್ಕತಾತನ ಲೆಕ್ಕ. ಸಂಜೆಯ ಹೊತ್ತು, ಊರಿನ ಕೊನೆಯಲ್ಲಿ ರಸ್ತೆಯ ಮಧ್ಯೆ ನಿಂತು, ಕಾಡಿನ ಕಡೆ ಮುಖ ಮಾಡಿ, ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು.

"ಕೊಳ್ಳೇಗಾಲ ಮೈಸೂರಿಗೆ ಸೇರ್ಕಂಡದೆ! ಮನೆ ಎಲ್ಲಿತ್ತೋ ಅಲ್ಲೇ ಅದೆ! ಬನ್ನಿ! ಹನೂರು! ಮಧುವನಹಳ್ಳಿ! ಕೊಳ್ಳೇಗಾಲ! ಧನಗೆರೆ!"

ಕೂಡಲೇ ಹಿಂದೆ ಧಡಧಡ ಓಡಿಬರುವ ಸದ್ದು. ತಿರುಗಿ ನೋಡಿದರೆ ಗಂಟುಮೂಟೆ ಹೊತ್ತ ಹೆಂಗಸರು, ಕೋಳಿ ಹಿಡಿದ ಒಬ್ಬ ಮುದುಕ. "ಬಸ್ ಎಲ್ಲಿ ಸಾ? ಸೀಟ್ ಅದಾ?" ಕಂಡಕ್ಟರು ಕೂಗುತ್ತಿದ್ದಾನೆ ಎಂದುಕೊಂಡಿದ್ದರು!

ಗಲಾಟೆ ಕೇಳಿ ಒಬ್ಬ ಪೊಲೀಸಿನವನು ಬಂದ. "ಯಾರ್ನ ಕೂಗ್ತಿದ್ದೀರಿ ಯಜಮಾನ್ರೇ?"

"ಪಲ್ಟನ್ನ."

ಅವನು ಒಂದು ಗಳಿಗೆ ಚಿಕ್ಕತಾತನ ಮುಖವನ್ನು, ಇನ್ನೊಂದು ಗಳಿಗೆ ಕಾಡನ್ನು ನೋಡಿದ. ಆಮೇಲೆ ಯಾಕೋ ಟೋಪಿ ಸರಿಮಾಡಿಕೊಂಡು ಅಟೆನ್ಷನ್‌ಗೆ ನಿಂತುಬಿಟ್ಟ. ಬಸ್ಸಿಗೆಂದು ಬಂದವರು ಬೈದುಕೊಂಡು ನಿಲ್ದಾಣಕ್ಕೆ ಮರಳಿದರು. ಚಿಕ್ಕತಾತ ಕೊನೆಗೊಮ್ಮೆ, ಈ ಸಲ ಮೆಲ್ಲಗೆ, "ರಾಮಾಪುರ" ಎಂದು ಕರೆದರು. ಅಷ್ಟು ಹೊತ್ತು ಕಿರ್ರೆನ್ನುತ್ತಿದ್ದ ಜೀರುಂಡೆಗಳು ಒಮ್ಮೆಲೇ ನಿಂತವು. ಯಾರೋ ಉತ್ತರ ಹೇಳಲು ಉಸಿರೆಳೆದುಕೊಂಡ ಹಾಗೆ. ಉತ್ತರ ಬರಲಿಲ್ಲ.

ವಾಪಸು ಬಸ್ಸಿನಲ್ಲಿ ಹನೂರಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಇಳಿದರು. ಅಲ್ಲಿಂದ ಮುಂದೆ ಬಸ್ ಖಾಲಿ. ಹಿಂದಿನ ಸೀಟುಗಳೆಲ್ಲ ಕತ್ತಲು. ಆದರೂ ಸಣ್ಣ ಏರಿಗೂ ಇಂಜಿನ್ ನರಳುತ್ತಿತ್ತು.

"ಏನ್ಲಾ, ಗಾಡಿ ಏಳ್ತಾನೇ ಇಲ್ಲ! ಟಾಪ್ ಮೇಲೆ ಏನಾರ ಹಾಕಿದ್ದೀಯಾ?" ಎಂದು ಡ್ರೈವರ್ ಕೂಗಿದ.

"ಏನೂ ಇಲ್ಲ ಕಣಣ್ಣಾ. ಇರೋದೇ ಇವರಿಬ್ರು."

ಚಿಕ್ಕತಾತ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಮುಂದೆ ನೋಡುತ್ತ, ಮುಗುಳ್ನಗುತ್ತಿದ್ದರು. ನಾನು ಹಿಂದೆ ತಿರುಗಲಿಲ್ಲ. ಆನೆಸ್ಟ್‌ಲಿ, ಧೈರ್ಯವಿರಲಿಲ್ಲ. ಕೊಳ್ಳೇಗಾಲದಲ್ಲಿ ನಾವು ಇಳಿದೆವು. ಹೊರಟ ಬಸ್ಸು ಪುಟಿದು ಓಡಿತು. "ಈಗ ಹಗೂರಾಯ್ತು ನೋಡ್ಲಾ!" ಎಂದ ಡ್ರೈವರನ ದನಿ ನನಗೆ ಈಗಲೂ ಕೇಳಿಸುತ್ತದೆ.

ಮನೆಯಲ್ಲಿ ಚಿಕ್ಕಜ್ಜಿ ಎಲೆ ಹಾಕಿಟ್ಟಿದ್ದರು, ಹಗ್ಗದ ನೇರಕ್ಕೇ. "ಸಿಕ್ಕಿದ್ರಾ ನಿಮ್ ನೆಂಟ್ರು?" ಎಂದು ಕೆಣಕಿದರು. ಆ ವರ್ಷವೂ ಎಲ್ಲ ಮುದ್ದೆಗಳಲ್ಲಿ ಗುಳಿ ಇತ್ತು. ಕೊನೆಯದು ನುಣ್ಣಗಿತ್ತು. ಚಿಕ್ಕತಾತ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, "ಅವನೂರಿನ ಬಾಗಿಲಿಗೇ ಓಗಿ ಕರುದ್ರೂ ಬರ್ಲಿಲ್ವಲ್ಲ ಅಮ್ಮಿ" ಎಂದರು. ಚಿಕ್ಕಜ್ಜಿ ಆ ಎಲೆಯ ಮುಂದಿನ ಲೋಟಕ್ಕೆ ನೀರು ಬಗ್ಗಿಸಿದರು.

ನಾನು ಮದುವೆಯಾಗಿ ಯಳಂದೂರಿಗೆ ಹೋದೆ. ಪ್ರತಿ ವರ್ಷ ಪಲ್ಟನ್ನಿನ ಊಟ ನಡೆಯುತ್ತಲೇ ಇತ್ತು, ಕೊನೆಯ ಎಲೆ ಹಾಗೆಯೇ ಉಳಿಯುತ್ತಿತ್ತು. ಎಪ್ಪತ್ತರ ದಶಕದಲ್ಲಿ ಚಿಕ್ಕತಾತ ಹಾಸಿಗೆ ಹಿಡಿದರು. ನೋಡಲು ಹೋದಾಗ ನನ್ನ ಕೈ ಹಿಡಿದು, "ಅವನಾಗಿ ಬರಂಗಿಲ್ಲ ಕೂಸೇ. ನಾನೇ ಓಗಿ ಕರ್ಕಂಡ್ ಬತ್ತೀನಿ" ಎಂದರು, ಹನೂರಿನ ಸಂತೆಗೆ ಹೊರಟವರ ಹಾಗೆ. ಆ ವಾರವೇ ಹೊರಟುಹೋದರು. ಮೈ ತೊಳೆಸಿದವರು ಆಮೇಲೆ ಚಿಕ್ಕಜ್ಜಿಯನ್ನು ಬದಿಗೆ ಕರೆದು ಕೇಳಿದರಂತೆ, ಯಜಮಾನರ ಎಡಗಾಲಿಗೆ ಯಾವಾಗ ಗುಂಡು ಬಿದ್ದಿತ್ತು ಎಂದು.

ಆ ವರ್ಷದ ಮಹಾಲಯಕ್ಕೆ ನಾನು ಧನಗೆರೆಯಲ್ಲಿದ್ದೆ. ಚಿಕ್ಕತಾತನ ಎಡೆ ನಡುಮನೆಯಲ್ಲಿ ಹಿರಿಯರ ಜೊತೆ ಇಡಬೇಕು, ಅದೇ ಪದ್ಧತಿ. ಚಿಕ್ಕಜ್ಜಿ ಆ ಎಲೆಯನ್ನು ಹಿತ್ತಿಲಿಗೆ ಒಯ್ದು ಸಾಲಿನ ಕೊನೆಯಲ್ಲಿ, ರಾಮಾಪುರದವನ ಎಲೆಯ ಪಕ್ಕ ಹಾಕಿದರು. ಹಗ್ಗ ಎಳೆದು ನೇರ ಮಾಡಿದರು. ಎರಡು ಎಲೆಗೂ ಬಿಸಿ ಮುದ್ದೆ ಇಟ್ಟರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜೀವಮಾನವಿಡೀ ಗೇಲಿ ಮಾಡಿದ್ದ ಆ ಹಾಜರಿಯನ್ನು ತಾವೇ ಕೂಗತೊಡಗಿದರು. ಒಂದು ಊರೂ ತಪ್ಪಲಿಲ್ಲ!

"ರಾಮಾಪುರ!" ಎಂದು ಕೂಗಿ, ಪಕ್ಕದ ಗಂಡನ ಎಲೆಯ ಮುಂದೆ ಬಂದು ನಿಂತರು.

"ಧನಗೆರೆ!"

ಈ ಹೆಸರಿಗೆ ಉತ್ತರ ಹೇಳುತ್ತಿದ್ದವರು ಇರಲಿಲ್ಲ. ಚಿಕ್ಕಜ್ಜಿ ಗಂಟಲು ಸರಿಮಾಡಿಕೊಂಡು, ಗಂಡನ ದಪ್ಪ ದನಿ ತಂದುಕೊಂಡು ಹೇಳಿದರು: "ಹಾಜರ್."

ಹೇಳಿ, ನನ್ನ ಕಡೆ ತಿರುಗಿ, "ಓಡೋದ್ರು ಅಂತ ಬರ್ಕಬಾರ್ದಲ್ಲ ಕೂಸೇ" ಎಂದರು.

ಅಷ್ಟರಲ್ಲಿ ಮನೆಯ ಈಗಿನ ನಾಯಿಯೂ ಎದ್ದು ಗಾಡಿಯ ಕೆಳಗೆ ಸರಿಯಿತು. ಹಿತ್ತಿಲ ಬೇಲಿಯಾಚೆ ಒಣಗಿದ ಎಲೆಗಳ ಮೇಲೆ ಒಂದು ಕಾಲು ಊರಿ, ಒಂದು ಕಾಲು ಎಳೆದು ಬರುವ ಸದ್ದು. ಅದರ ಹಿಂದೆಯೇ, ದಣಿದ ಇನ್ನೊಂದು ಜೊತೆ ಹೆಜ್ಜೆ.

ಚಿಕ್ಕಜ್ಜಿ ತಿರುಗಿಯೂ ನೋಡಲಿಲ್ಲ. ಲೋಟಗಳಿಗೆ ನೀರು ಬಗ್ಗಿಸುತ್ತ, ಕಣ್ಣೊರೆಸಿಕೊಳ್ಳದೆ, ಎಂದಿನಂತೆ ಗದರಿದರು:

"ಈಗ ಬಂದ್ರಾ? ಮುದ್ದೆ ಆರೋಯ್ತದೆ. ಇಬ್ರೂ ಕೈ ತೊಳ್ಕಳಿ."