ಓನರಜ್ಜಿಯ ಹಿತ್ತಲಲ್ಲಿ ಒಂಬತ್ತು ತಿಂಗಳು

ಹೆದರುವವನನ್ನು ಹೆದರಿಕೆಯ ಪ್ರಸಂಗಗಳು ವಿಳಾಸ ಕೇಳಿಕೊಂಡು ಬಂದು ಹಿಡಿಯುತ್ತವೆ. ಧೈರ್ಯವಂತರ ಮನೆಯಲ್ಲಿ ಕೊತ್ತಂಬರಿ ಸೊಪ್ಪು ಸುಮ್ಮನೆ ಬೆಳೆದು, ಸುಮ್ಮನೆ ಸಾರಿಗೆ ಬಿದ್ದು, ಸುಮ್ಮನೆ ಹೊಟ್ಟೆ ಸೇರುತ್ತದೆ. ನನ್ನ ಪಾಲಿಗೆ ಅದೂ ಒಂದು ಗಂಡಾಂತರ.

ತೊಂಬತ್ತರ ದಶಕದಲ್ಲಿ ನಾನು ತಿಪಟೂರಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ತರಗತಿಯಲ್ಲಿ ನಾನೊಮ್ಮೆ ಕೆಮ್ಮಿದರೆ ಮಕ್ಕಳು ಉಸಿರು ಬಿಗಿಹಿಡಿಯುತ್ತಿದ್ದರು. ಮನೆಗೆ ಬಂದರೆ ಉಸಿರು ಬಿಗಿಹಿಡಿಯುವ ಸರದಿ ನನ್ನದು. ಅದಕ್ಕೆ ಕಾರಣ ನಮ್ಮ ಓನರಜ್ಜಿ. ಕೊಬ್ಬರಿ ವ್ಯಾಪಾರದ ಮನೆತನ. ಅಟ್ಟದ ತುಂಬ ಕೊಬ್ಬರಿ, ಹಿತ್ತಲಲ್ಲಿ ನಾಲ್ಕು ತೆಂಗಿನ ಮರ. ಮನೆಯ ಅರ್ಧ ಭಾಗದಲ್ಲಿ ಅವರೊಬ್ಬರೇ, ಇನ್ನರ್ಧದಲ್ಲಿ ನಾನು ಮತ್ತು ನನ್ನ ಹೆಂಡತಿ.

ನಾವು ಗೋಡೆಗೆ ಮೊಳೆ ಹೊಡೆದರೂ ಅಜ್ಜಿ ಕೇಳುತ್ತಿರಲಿಲ್ಲ, ನೀರು ಎಷ್ಟು ಸುರಿದರೂ ಕೇಳುತ್ತಿರಲಿಲ್ಲ. ಅವರ ಜೀವವೆಲ್ಲ ಹಿತ್ತಲ ಸೊಪ್ಪುಗಳಲ್ಲಿ. ತೆಂಗಿನ ಬುಡದಲ್ಲಿ ಕೊತ್ತಂಬರಿ ಮಡಿ, ಬಚ್ಚಲ ನೀರು ಹರಿಯುವ ಕಡೆ ಪುದೀನ, ಗೋಡೆ ಪಕ್ಕ ದೊಡ್ಡಪತ್ರೆ, ನಡುವೆ ಒಂದು ಕರಿಬೇವಿನ ಮರ. ನಾವು ಬೇಕಾದ್ದು ಕಿತ್ತುಕೊಳ್ಳಬಹುದಿತ್ತು, ಆದರೆ ಅದಕ್ಕೊಂದು ಕ್ರಮ ಇತ್ತು. ಎರಡು ಬೆರಳಲ್ಲಿ ಚಿವುಟಬೇಕು, ರೆಂಬೆ ಮುರಿಯಬಾರದು. ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬಾರದು. ಆ ಸೊಪ್ಪು ಹಾಕಿ ಏನೇ ಮಾಡಿದರೂ ಅಜ್ಜಿಗೆ ಒಂದು ಬಟ್ಟಲು ಕೊಟ್ಟುಬಿಡಬೇಕು. ಹಿಂದಿನ ಬಾಡಿಗೆಯವರು ಕರಿಬೇವಿನ ರೆಂಬೆ ಮುರಿದದ್ದಕ್ಕೆ ಮನೆ ಖಾಲಿ ಮಾಡಬೇಕಾಯಿತು ಎಂದು ಪಕ್ಕದ ಮನೆಯಾಕೆ ನಾವು ಸಾಮಾನು ಇಳಿಸುತ್ತಿರುವಾಗಲೇ ಹೇಳಿದ್ದಳು.

ಅಷ್ಟರಲ್ಲಿ ನನ್ನ ಹೆಂಡತಿ ಬಸುರಿಯಾದಳು. ಅವಳಿಗೆ ತಾಯಿ ಇರಲಿಲ್ಲ, ಹೆರಿಗೆ ನಮ್ಮಲ್ಲೇ ಆಗಬೇಕಿತ್ತು. ಬಸುರಿ ಇರುವಾಗ ಮನೆ ಬದಲಾಯಿಸಬಾರದು ಎಂದು ಎರಡೂ ಕಡೆಯ ಹಿರಿಯರ ಕಟ್ಟಪ್ಪಣೆ. ಅವಳಿಗೂ ಅದರಲ್ಲಿ ಪೂರ್ತಿ ನಂಬಿಕೆ. "ಕೂಸು ಕೈಗೆ ಬರೋ ತನಕ ಈ ಮನೆ ಬಿಡೋ ಹಾಗಿಲ್ಲ ಕಣ್ರೀ. ಅಜ್ಜಿ ಗಿಡದ ತಂಟೆಗೆ ಹೋಗಿ ಏನಾದ್ರೂ ಮಾಡ್ಕೊಂಡೀರ ಮತ್ತೆ," ಎಂದು ಎಚ್ಚರಿಸಿದಳು. ಆದರೆ ಒಗ್ಗರಣೆಯ ವಾಸನೆ ಬಂದರೆ ಸಾಕು, ಅವಳಿಗೆ ವಾಂತಿ. ಹಾಗಾಗಿ ಸೊಪ್ಪು ಕೀಳುವುದೂ ಅಡಿಗೆ ಮಾಡುವುದೂ ನನ್ನ ಪಾಲಿಗೇ ಬಂತು. ಮನೆ ಉಳಿಯುವುದು ಬಿಡುವುದು ನನ್ನ ಎರಡು ಬೆರಳ ಮೇಲೆ ನಿಂತಿತು.

ಮರದ ಕಣ್ಣು

ಕೊತ್ತಂಬರಿ ಕೀಳಲು ಮೊದಲ ದಿನ ಹೋಗಿ ಕೂತಾಗ ಹಿಂದೆ ದಬ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಒಂದು ಒಣಕಾಯಿ, ನನಗೂ ಅದಕ್ಕೂ ಒಂದು ಮಾರು ದೂರ. ಆಮೇಲೆ ನನಗೆ ಸಾರಿಗೆ ಕೊತ್ತಂಬರಿ ಬೇಕೇ ಎಂಬ ಪ್ರಶ್ನೆಯೇ ಬೇರೆಯಾಗಿ ಕಾಣತೊಡಗಿತು. ಹೆಂಡತಿಗೆ ಮಾತ್ರ ಕೊತ್ತಂಬರಿ ಇಲ್ಲದ ಸಾರು ಇಳಿಯುತ್ತಿರಲಿಲ್ಲ. ಮಾರನೆಯ ದಿನ ಅನ್ನದ ತಪ್ಪಲೆಯನ್ನು ತಲೆಗೆ ಬೋರಲು ಹಾಕಿಕೊಂಡು, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಚಿವುಟತೊಡಗಿದೆ.

ತಪ್ಪಲೆಯ ಅಂಚಿನ ಕೆಳಗೆ ಅಜ್ಜಿಯ ಎರಡು ಪಾದ ಕಂಡವು. ಇದೇನು ವೇಷ ಎಂದು ಕೇಳಿದರು. ಕಾಯಿ ಬಿದ್ದೀತೆಂಬ ಭಯ ಎಂದೆ. ತೆಂಗಿನ ಮರಕ್ಕೆ ಕಣ್ಣಿದೆ, ಅದು ಮನುಷ್ಯರ ತಲೆ ಮೇಲೆ ಬೀಳಿಸುವುದಿಲ್ಲ, ಇಷ್ಟು ಓದಿ ಇದೂ ಗೊತ್ತಿಲ್ಲವೇ ಎಂದು ಬುದ್ಧಿ ಹೇಳುತ್ತಿದ್ದರು. ಅವರ ಮಾತು ಮುಗಿಯುವ ಮೊದಲೇ ಒಂದು ಕಾಯಿ ಅವರ ಸೆರಗು ಸವರಿಕೊಂಡು ಕಾಲ ಬಳಿ ಬಿತ್ತು.

ಅಜ್ಜಿ ಬಗ್ಗಿ ಆ ಕಾಯಿಯನ್ನು ಎತ್ತಿಕೊಂಡರು. ಆಮೇಲೆ ಹೇಳಿದರು: "ನೋಡಿದ್ರಾ ಮೇಷ್ಟ್ರೇ, ಕಣ್ಣಿರಾದಕ್ಕೆ ಪಕ್ಕದಾಗೆ ಬಿತ್ತು."

ಮರುದಿನ ಬೆಳಿಗ್ಗೆ ಅವರು ತಲೆ ಮೇಲೆ ಮೊರ ಇಟ್ಟುಕೊಂಡು ಕೊತ್ತಂಬರಿ ಕೀಳುತ್ತಿದ್ದರು. ಏನಜ್ಜಿ ಎಂದು ಕೇಳಿದ್ದಕ್ಕೆ ಬಿಸಿಲು ಎಂದರು. ಸೂರ್ಯ ಇನ್ನೂ ಹುಟ್ಟಿರಲಿಲ್ಲ.

ಪುದೀನದೊಳಗೆ ಅಲ್ಲಾಡಿದ್ದು

ಮಳೆಗಾಲದಲ್ಲಿ ಪುದೀನ ಮೊಣಕಾಲು ಮಟ್ಟ ಬೆಳೆದು ನಿಂತಿತು. ಒಳಗೆ ಏನಿದೆಯೋ ಕಾಣುವುದಿಲ್ಲ. ಹಾವೆಂದರೆ ನನಗೆ ಹೆಸರು ಕೇಳಿದರೂ ಆಗದು. ಹೆಂಡತಿಗೋ ಆ ತಿಂಗಳು ಪುದೀನ ಚಟ್ನಿ ಬಿಟ್ಟು ಬೇರೇನೂ ಸೇರುತ್ತಿರಲಿಲ್ಲ. ಸದ್ದು ಮಾಡಿದರೆ ಹಾವು ಸರಿದು ಹೋಗುತ್ತದೆ ಎಂದು ಯಾರೋ ಹೇಳಿದ್ದರು. ದಿನಾ ಬೆಳಿಗ್ಗೆ ಮಡಿಯ ಮುಂದೆ ನಿಂತು ಚಪ್ಪಾಳೆ ತಟ್ಟಿ, ಕಾಲು ಕುಟ್ಟಿ, ಆಮೇಲೆ ಕೈ ಹಾಕುತ್ತಿದ್ದೆ. ಬೀದಿಯವರು ಮೇಷ್ಟ್ರು ಭಜನೆ ಶುರು ಮಾಡಿದ್ದಾರೆ, ಹೆಂಡತಿಗೆ ಸುಸೂತ್ರವಾಗಲಿ ಎಂದಿರಬೇಕು ಎಂದು ಮೆಚ್ಚಿಕೊಂಡಿದ್ದರಂತೆ.

ಒಂದು ದಿನ ಚಪ್ಪಾಳೆ ಮುಗಿಸಿ ಬಗ್ಗಿದೆ. ಮಡಿಯ ಆಚೆ ತುದಿಯಲ್ಲಿ ಪುದೀನ ಅಲ್ಲಾಡಿತು. ಗಾಳಿ ಇರಲಿಲ್ಲ. ಇನ್ನೊಮ್ಮೆ ಅಲ್ಲಾಡಿತು, ಈ ಸಲ ನನ್ನ ಕಡೆಗೆ. ಹಾವು ಎಂದು ಕಿರುಚಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾರಿ ನಿಂತೆ. ಅದೇ ಗಳಿಗೆಗೆ ಎಲ್ಲಿಂದಲೋ ಅಜ್ಜಿಯೂ ಬಂದು ಅದೇ ಕಲ್ಲನ್ನು ಹತ್ತಿದರು. ಕಲ್ಲು ಒಬ್ಬರಿಗಷ್ಟೇ ಸಾಕಾಗುವಷ್ಟಿತ್ತು. ಇಬ್ಬರೂ ಬೀಳದ ಹಾಗೆ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಎಷ್ಟು ಹೊತ್ತು ನಡುಗಿದೆವೋ, ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಬಂದು ಕೋಲಿನಿಂದ ಮಡಿಯನ್ನೆಲ್ಲ ಕೆದಕಿ ನೋಡಿದಳು. ಏನೂ ಇರಲಿಲ್ಲ.

ಅಲ್ಲಾಡಿದ್ದು ಎಲ್ಲಿ ಎಂದು ಅಜ್ಜಿ ಕೇಳಿದರು. ಬೆರಳು ಮಾಡಿ ತೋರಿಸಿದೆ.

ಅವರ ಹಿಡಿತ ಸಡಿಲವಾಯಿತು. ಅಲ್ಲಿ ಬಚ್ಚಲ ಗೋಡೆಯ ಮರೆಯಲ್ಲಿ ಕೂತು ಕಳೆ ಕೀಳುತ್ತಿದ್ದವರು ಅವರೇ. ನಾನು ಕಂಡು ಹೆದರಿದ ಹಾವು ನನ್ನ ಪಕ್ಕದಲ್ಲೇ ಕಲ್ಲಿನ ಮೇಲೆ ನಿಂತಿತ್ತು. ನಾನು ನಾಚಿಕೊಂಡು ಕೆಳಗಿಳಿದೆ. ಅಜ್ಜಿ ಇಳಿಯಲಿಲ್ಲ. ಇಳೀರಿ ಅಜ್ಜಿ, ಅದು ನೀವೇ ಅಲ್ಲವೇ ಎಂದು ಹೆಂಡತಿ ಎಷ್ಟು ಹೇಳಿದರೂ ಕೇಳಲಿಲ್ಲ.

"ನಾನು ಒಂದ್ಕಡೆ ಇದ್ದೆ ಕಣವ್ವ, ನಿಜ. ನನ್ ಜೊತೆಗೆ ಇನ್ನೊಂದು ಇಲ್ಲ ಅಂತ ಹೆಂಗೇಳ್ತೀಯ?"

ದೊಡ್ಡಪತ್ರೆ ಚಟ್ನಿ

ಒಂದು ಭಾನುವಾರ ದೊಡ್ಡಪತ್ರೆ ಎಲೆ ಬಾಡಿಸಿ, ಕಾಯಿ, ಹುಣಿಸೆ, ಮೆಣಸಿನಕಾಯಿ ಹಾಕಿ ಚಟ್ನಿ ರುಬ್ಬಿದೆ. ಕ್ರಮದ ಪ್ರಕಾರ ಮೊದಲ ಬಟ್ಟಲು ಅಜ್ಜಿಗೆ ಕೊಟ್ಟು ಬಂದೆ. ಎಲೆ ಕಿತ್ತು ತಂದಿದ್ದ ಪುಟ್ಟಿ ತೊಳೆಯಲು ಹೋದಾಗ ತಳದಲ್ಲಿ ಒಂದು ಬೇರೆ ಎಲೆ ಕಂಡಿತು. ದೊಡ್ಡಪತ್ರೆಯ ದಪ್ಪ ಇಲ್ಲ, ಆ ವಾಸನೆ ಇಲ್ಲ, ಅಂಚು ಹರಿದ ಹಾಗಿದೆ. ಇದು ಒಂದು ಇಲ್ಲಿ ಉಳಿದಿದ್ದರೆ ಚಟ್ನಿಯೊಳಗೆ ಎಷ್ಟು ಹೋಗಿರಬಹುದು? ಹೆಂಡತಿಯ ತಟ್ಟೆಯಿಂದ ಚಟ್ನಿ ಕಿತ್ತುಕೊಂಡೆ. ಅವಳು ಇನ್ನೂ ತಿಂದಿರಲಿಲ್ಲ. ಅಜ್ಜಿಯ ಕಡೆ ಓಡಿದೆ.

ಬಟ್ಟಲು ಖಾಲಿಯಾಗಿತ್ತು. ಅಜ್ಜಿ ಚಾಪೆಯ ಮೇಲೆ ಅಂಗಾತ ಮಲಗಿದ್ದರು. ದಿನಾ ಮಧ್ಯಾಹ್ನ ಬೀದಿಗೆ ಕೇಳುವ ಹಾಗೆ ಗೊರಕೆ ಹೊಡೆಯುವವರಿಂದ ಅವತ್ತು ಸದ್ದೇ ಇಲ್ಲ. ನನ್ನ ಕಣ್ಣ ಮುಂದೆ ಪೊಲೀಸ್ ಜೀಪು, ಹೆಂಡತಿ, ಹುಟ್ಟಬೇಕಾದ ಮಗು ಎಲ್ಲ ಬಂದು ಹೋದವು. ಬಾಯಿ ಬಿಟ್ಟು ಕೂಗಲು ಧೈರ್ಯ ಬರಲಿಲ್ಲ. ಪಕ್ಕದಲ್ಲಿ ಮಂಡಿಯೂರಿ, ಕೈಬೆರಳನ್ನು ಅವರ ಮೂಗಿನ ಹತ್ತಿರ ಹಿಡಿದೆ. ಅಳತೆ ತಪ್ಪಿ ಬೆರಳು ಮೂಗಿಗೇ ತಾಗಿತು.

ಅಜ್ಜಿ ಒಂದು ಕಣ್ಣು ಬಿಟ್ಟರು. ನಾನು ಕೈಯಲ್ಲಿದ್ದ ಎಲೆ ತೋರಿಸಿ ತೊದಲಿದೆ. ಅದು ಸೇವಂತಿಗೆ ಎಲೆ, ಗಿಡ ಪಕ್ಕದಲ್ಲೇ ಇದೆ ಎಂದು ಆಕಳಿಸಿದರು. ಮಗ್ಗುಲು ಬದಲಿಸುತ್ತಾ ಒಂದು ಮಾತು ಸೇರಿಸಿದರು.

"ಚಟ್ನಿ ಅಷ್ಟೇನು ಚೆನ್ನಾಗಿರ್ಲಿಲ್ಲ ಮೇಷ್ಟ್ರೇ. ಆದ್ರೂ ಸಾಯೋ ಅಷ್ಟು ಕೆಟ್ಟಿರ್ಲಿಲ್ಲ ಬುಡಿ."

ನಾರು ಕಟ್ಟಿದ ಮರ

ಹೆಂಡತಿಗೆ ಒಂಬತ್ತು ತುಂಬುವ ಹೊತ್ತಿಗೆ ಮಾಗಿಯ ಚಳಿ ಹಿಡಿದಿತ್ತು. ಆಗಲೇ ಅಜ್ಜಿ ಹಂದನಕೆರೆಯ ಮಗಳ ಮನೆಗೆ ಹೊರಟು ನಿಂತರು. ಕರಿಬೇವಿನ ಮರ ನನ್ನ ಜವಾಬ್ದಾರಿ, ಆಗಾಗ ಹುಳಿ ಮಜ್ಜಿಗೆ ಹುಯ್ಯಬೇಕು, ಅಷ್ಟೇ ಸಾಕು ಎಂದು ಹೇಳಿ ಬಸ್ಸು ಹತ್ತಿದರು.

ಧೈರ್ಯವಂತನಾಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದೆ. ಎರಡು ದಿನ ಬಿಟ್ಟು ನಾಲ್ಕು ಎಲೆ ಹಳದಿಯಾದವು. ಸ್ಟಾಫ್ ರೂಮಿನಲ್ಲಿ ಕೇಳಿದೆ. ಒಬ್ಬರು ಅಕ್ಕಿ ತೊಳೆದ ನೀರು ಎಂದರು, ಒಬ್ಬರು ಬೂದಿ ಎಂದರು, ಇನ್ನೊಬ್ಬರು ಹಿಂಡಿ ಎಂದರು. ಯಾವುದನ್ನು ಬಿಟ್ಟರೆ ಮರ ಸಾಯುವುದೋ ಎಂಬ ಭಯದಲ್ಲಿ ಎಲ್ಲವನ್ನೂ ಹಾಕಿದೆ. ವಾರ ಕಳೆಯುವುದರಲ್ಲಿ ಎಲೆಗಳೆಲ್ಲ ಉದುರಿ ಮರ ಬೋಳಾಗಿ ನಿಂತಿತು. ಒಂದು ರೆಂಬೆ ಮುರಿದವರಿಗೇ ಮನೆ ಖಾಲಿ. ನಾನು ಇಡೀ ಮರವನ್ನೇ ಕೊಂದಿದ್ದೆ.

ಶನಿವಾರ ಸಂಜೆ ಬರುತ್ತೇನೆಂದು ಅಜ್ಜಿ ಹೇಳಿಕಳಿಸಿದರು. ಶನಿವಾರ ನಮಗೆ ಅರ್ಧ ದಿನ ಸ್ಕೂಲು. ಮಧ್ಯಾಹ್ನ ನೇರವಾಗಿ ತರಕಾರಿ ಮಾರ್ಕೆಟ್ಟಿಗೆ ಹೋಗಿ ಎರಡು ತೋಳಿನ ತುಂಬ ಕರಿಬೇವು ಕೊಂಡೆ. ಮದುವೆಯೇ ಎಂದು ಸೊಪ್ಪಿನವಳು ಕೇಳಿದಳು. ಅಲ್ಲ, ಕಟ್ಟೋದಕ್ಕೆ ಎಂದೆ. ತೋರಣಕ್ಕೆ ಮಾವಿನೆಲೆ ಕಟ್ಟುತ್ತಾರೆ ಸ್ವಾಮಿ ಎಂದು ತಿದ್ದಿದಳು.

ಹಿತ್ತಲಲ್ಲಿ ಹೆಂಡತಿ ಸ್ಟೂಲಿನ ಮೇಲೆ ಕೂತು ತೆಂಗಿನ ಮಟ್ಟೆಯಿಂದ ನಾರು ಎಳೆದು ಕೊಟ್ಟಳು. ನಾನು ಏಣಿ ಹತ್ತಿ ಒಂದೊಂದೇ ಕಡ್ಡಿಯನ್ನು ಬೋಳು ರೆಂಬೆಗೆ ಕಟ್ಟಿದೆ. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ನಗಬೇಡ ಮಾರಾಯ್ತಿ, ಇಲ್ಲೇ ಏನಾದರೂ ಆದೀತು ಎಂದು ಏಣಿಯ ಮೇಲಿಂದಲೇ ಅಂಗಲಾಚಿದೆ. ಇದು ನಡೆಯುವ ಮಾತಲ್ಲ, ಒಪ್ಪಿಕೊಂಡು ಬಿಡಿ ಎಂದು ಅವಳು ಹೇಳಿದಳು. ಒಪ್ಪಿಕೊಂಡರೆ ನಿನ್ನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದೆ. ಆಗ ಅವಳ ನಗು ನಿಂತಿತು. ಅವಳಿಗೂ ಒಳಗೆ ಭಯ ಇತ್ತು, ನನಗದು ಆಗಲೇ ತಿಳಿದದ್ದು. ಮತ್ತೆ ನಾರು ಎಳೆಯತೊಡಗಿದಳು.

ಅಜ್ಜಿ ಬಂದಾಗ ದೀಪ ಹಚ್ಚಿಯಾಗಿತ್ತು. ತಮ್ಮ ಕ್ರಮ ತಾವೇ ಮೀರುವವರಲ್ಲ, ಗಿಡ ಮುಟ್ಟಲಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತು, ಏನು ಘಮ ಹೊಡೀತೈತೆ ಎಂದು ಸಂತೋಷಪಟ್ಟು ಒಳಗೆ ಹೋದರು.

ಬೆಳಿಗ್ಗೆ ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ಅಜ್ಜಿ ಎರಡು ಬೆರಳು ಚಾಚಿ ಒಂದು ಕಡ್ಡಿ ಚಿವುಟಿದರು. ಕಡ್ಡಿಯ ಜೊತೆಗೆ ಗಂಟು ಹಾಕಿದ ನಾರೂ ಬಂತು. ಇನ್ನೊಂದು ಎಳೆದರು. ಅದಕ್ಕೂ ಗಂಟು. ಮರವನ್ನು ಒಂದು ಸುತ್ತು ಹಾಕಿದರು. ಓಡಿ ಹೋಗಿ ಅವರ ಮುಂದೆ ಕೈಮುಗಿದು ನಿಂತೆ. ಮರವನ್ನು ನಾನೇ ಸಾಯಿಸಿದೆ ಅಜ್ಜಿ, ಇವಳ ಹೆರಿಗೆ ಆಗುವವರೆಗೆ ಮಾತ್ರ ಮನೆ ಬಿಡಿಸಬೇಡಿ, ಆಮೇಲೆ ನೀವು ಹೇಳಿದ ದಿನ ಖಾಲಿ ಮಾಡುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ.

ಅಜ್ಜಿ ಕೈಯಲ್ಲಿದ್ದ ನಾರನ್ನೂ ನನ್ನನ್ನೂ ನೋಡಿದರು.

"ಮಾಗೀಲಿ ಕರಿಬೇವು ಎಲೆ ಉದುರಿಸ್ತೈತೆ ಕಣಪ್ಪ, ಆಮ್ಯಾಲೆ ತಾನೇ ಚಿಗುರ್ತೈತೆ. ಮರ ಚೆನ್ನಾಗೇ ಐತೆ. ಇನ್ನು ಹೊಟ್ಟೇಲಿ ಕೂಸಿರೋಳ್ನ ಯಾರಾನ ಮನೆ ಬುಡಿಸ್ತಾರಾ? ಅವಳು ಎಲ್ಲೂ ಹೋಗಂಗಿಲ್ಲ. ಬಾಣಂತನ ನಾನೇ ಮಾಡ್ತೀನಿ."

ನನ್ನ ಕಣ್ಣಲ್ಲಿ ನೀರು ಬಂತು. ಕಾಲಿಗೆ ಬೀಳಲು ಬಗ್ಗಿದೆ. ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿದು, ನಾರು ಕಟ್ಟಿದ ಮರವನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದರು.

"ಬಸುರಿ ಮನೆ ಬುಡಬಾರ್ದು ಅಂತ ಐತೆ. ಗಂಡನ ಇಚಾರ ಯಾರೂ ಏನೂ ಹೇಳಿಲ್ಲ. ನೀವು ಬೇಕಾದ್ರೆ ಖಾಲಿ ಮಾಡ್ಬೋದು."

ನಾನು ಬಗ್ಗಿದವನು ಹಾಗೇ ನಿಂತೆ. ಬಾಗಿಲ ಹತ್ತಿರದಿಂದ ನನ್ನ ಹೆಂಡತಿಯ ದನಿ ಕೇಳಿತು. "ಅಜ್ಜೀ, ಹಂಗಾದ್ರೆ ಅಡಿಗೆ ಯಾರು ಮಾಡ್ತಾರೆ?"

ಅಜ್ಜಿ ಕೈಯಲ್ಲಿದ್ದ ಕಡ್ಡಿಯ ನಾರು ಬಿಚ್ಚಿ, ಕರಿಬೇವನ್ನು ನನ್ನ ಕೈಗಿಟ್ಟರು.

"ಅದೂ ಸರಿ ಕಣವ್ವ. ಹೆರಿಗೆ ಆಗೋಗಂಟ ಇದೂ ಇರ್ಲಿ ಬುಡು."